ಹುಳು ಜ್ವರಕ್ಕೆ ಕೂತ ದಿನ

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅರಣ್ಯ ಇಲಾಖೆಯ ಶಿವಶಂಕರ್ ದೂರು ಹಿಡಿದು ಠಾಣೆಗೆ ಬಂದ. ಪಿಎಸ್‌ಐ ವಾಣಿಶ್ರೀ ರಾತ್ರಿ ಗಸ್ತು ಮುಗಿಸಿ, ಮನೆಗೆ ಹೋಗಿ ಮಗಳ ಡಬ್ಬಿಗೆ ಚಿತ್ರಾನ್ನ ಕಲಸಿಟ್ಟು, ಮತ್ತೆ ಬಂದು ಕುರ್ಚಿಯಲ್ಲಿ ಕೂತಿದ್ದಳು. ನಡುವೆ ಮಲಗಿರಲಿಲ್ಲ.

"ಚಿರತೆ ಕ್ಯಾಮೆರಾ ಕದ್ದವ್ರೆ ಮೇಡಂ."

ಸುಗಟೂರಿನ ಆಚೆ ಗುಂಡುಬಂಡೆ ಬೆಟ್ಟದಲ್ಲಿ ಇಲಾಖೆಯವರು ವೃಕ್ಷೋದ್ಯಾನ ಮಾಡಿದ್ದರು. ಬೆಟ್ಟ ಹತ್ತುವ ಕಾಲುದಾರಿಗಳು, ಮರಗಳ ಹೆಸರು ಬರೆದ ಫಲಕಗಳು, ಕೆಳಗೆ ಗೇಟಿನ ಪಕ್ಕ ಒಂದು ನಿಸರ್ಗ ಕೇಂದ್ರ. ಭಾನುವಾರಗಳಲ್ಲಿ ಕೋಲಾರ, ಮಾಲೂರಿನಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಕುರಿ ಮೇಯಿಸುವವರು ಚಿರತೆ ಕಂಡೆವೆಂದ ಮೇಲೆ, ಎದುರಿಗೆ ಏನು ಅಲುಗಾಡಿದರೂ ತಾನಾಗಿ ಫೋಟೊ ಹಿಡಿಯುವ ಕ್ಯಾಮೆರಾವೊಂದನ್ನು ಮೇಲಿನ ದಾರಿಯ ಮರಕ್ಕೆ ಬಿಗಿದಿದ್ದರು. ಸೋಮವಾರ ಬೆಳಿಗ್ಗೆ ಇತ್ತು. ಸಂಜೆ ಇರಲಿಲ್ಲ.

"ಚಿರತೆ ಬಿತ್ತಾ ಅದ್ರಲ್ಲಿ?"

"ಎಲ್ಲಿ ಮೇಡಂ. ಹಳೇ ಕಾರ್ಡಲ್ಲಿ ಮುಳ್ಳುಹಂದಿ, ಮೊಲ, ಒಂದ್ ಹೆಂಗ್ಸು. ಈಗಿನ ಕಾರ್ಡು ಹೋದ ತಿಂಗಳು ಹಾಕಿದ್ದು, ಇನ್ನೂ ತೆಗ್ದಿರ್ಲಿಲ್ಲ."

"ಹೆಂಗ್ಸಾ?"

"ಬಂಡೆ ಮೇಲೆ ಬೆನ್ನು ಹಾಕ್ಕೊಂಡು ಕೂತಿದ್ಲು. ಮೊನ್ನೆ ಭಾನುವಾರ ಜನಕ್ಕೆ ತೋರ್ಸೋಣ ಅಂತ ಕೇಂದ್ರದ ಟಿವಿಗೆ ಫೋಟೊ ಹಾಕಿದ್ವಿ, ಅದೂ ಬಂದ್ಬಿಡ್ತು. ಯಾರಿಗೋ ಕಾಯ್ತಾವ್ಳೆ ಅಂತ ಹುಡುಗ್ರು ಸಿಳ್ಳೆ ಹೊಡೆದ್ರು." ಶಿವಶಂಕರ್ ನಕ್ಕ. ಎದುರಿಗಿದ್ದವಳು ನಗದಿದ್ದರಿಂದ ಬೇಗ ನಿಲ್ಲಿಸಿದ. "ಸಾಹೇಬ್ರು ಬಯ್ತಾವ್ರೆ ಮೇಡಂ. ಚಿರತೆ ಇದ್ಯೋ ಇಲ್ವೋ ಗೊತ್ತಾಗ್ದೆ ದಾರಿ ಮುಚ್ಚೋ ಹಂಗಿಲ್ಲ, ಬಿಡೋ ಹಂಗಿಲ್ಲ."

ಸರ್ಕಾರಿ ಸ್ವತ್ತಿನ ಕಳವು. ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್‌ಐಆರ್ ಆಯಿತು. ಮಧ್ಯಾಹ್ನ ವಾಣಿಶ್ರೀ ಹೆಡ್ ಕಾನ್ಸ್‌ಟೇಬಲ್ ನಂದೀಶನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಬೆಟ್ಟ ಹತ್ತಿದಳು. ಮೊಣಕಾಲು ನೋಯುತ್ತಿತ್ತು. ತಪಸಿ ಮರದ ಫಲಕದ ಹತ್ತಿರ ಮೊದಲ ಸಲ ನಿಂತಳು, ಆಲೆ ಮರದ ಫಲಕದ ಹತ್ತಿರ ಎರಡನೆಯ ಸಲ.

ಕ್ಯಾಮೆರಾ ಇದ್ದ ಮರದ ಎದುರಿಗೆ ಅಗಲವಾದ ಬಂಡೆ. ಪಟ್ಟಿಯನ್ನು ಕತ್ತರಿಸದೆ ಬಿಚ್ಚಿದ್ದರು. ತೊಗಟೆಯ ಮೇಲೆ ಬೆಳ್ಳಗೆ ಅಂಗೈ ಗುರುತು. ಚಿಕ್ಕ ಕೈ.

"ಎಲೆ ಅಡಿಕೆ ಸುಣ್ಣ ಮೇಡಂ," ಎಂದ ನಂದೀಶ.

"ಎಲೆಗೆ ಅಂಗೈ ತುಂಬ ಸುಣ್ಣ ಬಳ್ಕೊಂತಾರೇನಪ್ಪಾ? ಒಣ ಪುಡಿ ಇದು."

ಅವಳು ಬೆರಳಿಂದ ಮುಟ್ಟಿ ನೋಡಿದಳು. ತವರಿನಲ್ಲಿ ರೇಷ್ಮೆ ಇತ್ತು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಹಾಸಿಗೆ ಒಣಗಲೆಂದು ಅದರ ಮೇಲೆ ಸುಣ್ಣದ ಪುಡಿ ಚೆಲ್ಲುತ್ತಾರೆ. ಹುಳದ ಮನೆಯೊಳಗೆ ಹೋಗುವಾಗ ಕೈ ತೊಳೆಯದಿದ್ದರೆ ಅಮ್ಮ ಹೊಡೆಯುತ್ತಿದ್ದಳು. ಹೊರಗೆ ಬರುವಾಗ ಯಾರೂ ತೊಳೆಯುತ್ತಿರಲಿಲ್ಲ. ರೋಗ ತಗಲಬಾರದ್ದು ಹುಳಕ್ಕೆ, ಮನುಷ್ಯರಿಗಲ್ಲ.

ಮಹಜರು ಮುಗಿಸಿ ಇಳಿಯುವಾಗ ಬೇಲಿಯ ತಂತಿ ಬಗ್ಗಿದ ಜಾಗ ಕಂಡಿತು. ಅದರಾಚೆ ಹಿಪ್ಪುನೇರಳೆ ತೋಟ, ತೋಟದಾಚೆ ನಾಲ್ಕು ಮನೆ.

ಬುಧವಾರ ಬೆಳಿಗ್ಗೆ ಅಲ್ಲಿಗೆ ಹೋದರು. ಎರಡು ಮನೆಯವರು ಗೂಡು ಬಿಡಿಸುತ್ತಿದ್ದರು. ಹುಳು ಹಣ್ಣಾಗಿ ಗೂಡು ಕಟ್ಟಿ ವಾರವಾಗಿತ್ತು. ಒಂದು ಮನೆಯಲ್ಲಿ ಹುಳವೇ ಇರಲಿಲ್ಲ. ನಾಲ್ಕನೆಯದು ಕದಿರಪ್ಪನ ಮನೆ. ಅವನು ಸಂತೆಗೆ ಹೋಗಿದ್ದ. ಅವನ ತಾಯಿ ಮುನಿಯಲ್ಲಮ್ಮ ಜಗಲಿಯ ಮೇಲಿದ್ದಳು.

"ರಾಮ್ಮಾ, ಕೂಚೋ," ಎಂದು ಚಾಪೆ ಸರಿಸಿದಳು. "ಪೋಲೀಸ್ನೋರು ಬರೋ ಅಂಥದ್ದು ಏನಾಯ್ತು?"

"ಏನಿಲ್ಲಮ್ಮ. ಹುಳ ಯಾವ ಜ್ವರದಲ್ಲಿದೆ?"

"ಮೂರನೇದು ಸೋಮವಾರ ಕೂತಿತ್ತು, ನಿನ್ನೆ ಎದ್ತು. ಈಗ ತಿಂತಾವೆ ನೋಡು, ರಾಕ್ಷಸ್ರು."

"ಸೋಮವಾರ ಸುಣ್ಣ ಹಾಕಿದ್ಯಾರು?"

"ನನ್ ಕೈಲಾಗ್ತದಾ? ಸೊಸೆ. ಹಾಕ್ಬಿಟ್ಟು ಸೌದೆಗೆ ಹೋದ್ಲು. ಹುಳ ಕೂತ್ಕಂಡಾಗೆಲ್ಲ ಹೋಗ್ತಾಳೆ. ಕೂತ್ಕೊಂಡ್ ತಿನ್ನೋಳಲ್ಲಮ್ಮ ನಮ್ ಹುಡ್ಗಿ."

ವಾಣಿಶ್ರೀ ಹಿತ್ತಲ ಕಡೆ ನೋಡಿದಳು. ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಒಣಗಿ ಸೂರಿನ ಮಟ್ಟಕ್ಕೆ ರಾಶಿ ಬಿದ್ದಿತ್ತು. ವರ್ಷವಿಡೀ ಉರಿಸಿದರೂ ಮುಗಿಯದಷ್ಟು. ಅವಳು ಬೂಟು ಬಿಚ್ಚಿ, ಹುಳದ ಮನೆಯ ಬಾಗಿಲಲ್ಲಿದ್ದ ಬಕೆಟ್ಟಿನಲ್ಲಿ ಕೈ ತೊಳೆದು, ನಂದೀಶನನ್ನು ಹೊರಗೇ ನಿಲ್ಲಿಸಿ ಒಳಗೆ ಹೋದಳು.

ಒಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು, ಸಣ್ಣ ಮಳೆಯ ಹಾಗೆ. ಹುಳದ ತಟ್ಟೆಗಳ ನಡುವೆ ಸೊಸೆ ಮುನಿಲಕ್ಷ್ಮಿ ಸೊಪ್ಪಿನ ಹೊರೆ ಹಿಡಿದು ನಿಂತಿದ್ದಳು. ಮೂವತ್ತರ ಆಸುಪಾಸು. ಕಣ್ಣ ಕೆಳಗೆ ಕಪ್ಪು.

"ಸೌದೆ ಎಲ್ಲಮ್ಮ, ಸೋಮವಾರದ್ದು?"

ಮುನಿಲಕ್ಷ್ಮಿ ಬಗ್ಗಿ ತಟ್ಟೆಗೆ ಸೊಪ್ಪು ಹರಡತೊಡಗಿದಳು.

"ಕ್ಯಾಮೆರಾ ಎಲ್ಲಿ?"

ಮುನಿಲಕ್ಷ್ಮಿ ಕೈಯಲ್ಲಿದ್ದ ಸೊಪ್ಪನ್ನೆಲ್ಲ ಹರಡಿ ಮುಗಿಸಿದಳು. ಆಮೇಲೆ ಮೂಲೆಯ ಸುಣ್ಣದ ಮೂಟೆಯೊಳಗೆ ಕೈ ಹಾಕಿ ಕ್ಯಾಮೆರಾ ತೆಗೆದು ಸೆರಗಿನಿಂದ ಒರೆಸಿ ಕೊಟ್ಟಳು.

"ಅಲ್ಲಿ ಯಾರು ಬರ್ತಿದ್ರು?"

"ಯಾರೂ ಇಲ್ಲ."

"ಮತ್ಯಾಕೆ ಹೋಗ್ತಿದ್ದೆ?"

"ಮಲಗಕ್ಕೆ."

ಮುನಿಲಕ್ಷ್ಮಿ ಸುಣ್ಣದ ಮೂಟೆಯ ಬಾಯಿ ಮಡಿಸಿದಳು.

"ಇಲ್ಲಿ ಹಗಲಲ್ಲಿ ಒರಗಿದ್ರೆ, ಏನೇ ಹುಷಾರಿಲ್ವಾ ಅಂತಾರೆ. ಹುಷಾರಾಗೇ ಇದೀನಿ ಅಂದ್ರೆ, ಮತ್ತೆ ಏಳು ಅಂತಾರೆ. ರಾತ್ರಿನೂ ಎದ್ದು ಸೊಪ್ಪು ಹಾಕ್ಬೇಕು. ಹುಳಕ್ಕೆ ನಾಲ್ಕು ಜ್ವರ ಮೇಡಂ. ಎರಡು, ಮರಿ ಸಾಕೋ ಚಾಕಿ ಕೇಂದ್ರದಲ್ಲೇ ಮುಗೀತವೆ, ನಮ್ಮನೇಗೆ ಬಂದ್ಮೇಲೆ ಎರಡು. ಅವು ಕೂತಾಗ ನಾನು ಹೋಗಿ ಮಲಗ್ತಿದ್ದೆ. ಅಷ್ಟೇ."

"ಕ್ಯಾಮೆರಾ ಏನ್ ಮಾಡ್ತು?"

"ಭಾನುವಾರ ನಮ್ಮೋರು ಹೋಗಿದ್ರು ಟಿವಿ ನೋಡಕ್ಕೆ. ಬಂದು ಊಟಕ್ಕೆ ಕೂತ್ಕಂಡು ಹೇಳಿದ್ರು, ಯಾವಳೋ ಮಿಂಡನಿಗೆ ಕಾಯ್ತಾವ್ಳೆ, ನಮ್ಮನೇವ್ಳಾಗಿದ್ರೆ ಕಾಲು ಮುರೀತಿದ್ದೆ ಅಂತ. ನಾನೇ ಬಡಿಸ್ತಿದ್ದೆ. ನನ್ ಬೆನ್ನು ಅವ್ರಿಗೆ ಗುರುತು ಸಿಗ್ಲಿಲ್ಲ." ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. "ಮುಖ ಬಂದ್ರೆ ಸಿಗ್ತದಲ್ಲ ಮೇಡಂ. ಸುಮ್ನೆ ಮಲಗಿದ್ದೆ ಅಂದ್ರೆ ಯಾರ್ ನಂಬ್ತಾರೆ? ನೀವು ನಂಬ್ತೀರಾ?"

ಪಂಚರ ಮುಂದೆ ಕ್ಯಾಮೆರಾ ಜಪ್ತಿ ಮಾಡಿದರು. ಮೇಲಿನಿಂದ ಆಗಲೇ ಎರಡು ಸಲ ಫೋನ್ ಬಂದಿತ್ತು. ನೋಟಿಸು ಕೊಟ್ಟು ಬಿಡುವ ಮಾತೇ ಇರಲಿಲ್ಲ. ಹನ್ನೊಂದಕ್ಕೆ ದಸ್ತಗಿರಿ. ಮನೆಯವರಲ್ಲಿ ಯಾರಿಗೆ ತಿಳಿಸಬೇಕೆಂದು ಕಾನೂನಿನ ಪ್ರಕಾರ ಕೇಳಿದಾಗ ಮುನಿಲಕ್ಷ್ಮಿ ಗಂಡನ ನಂಬರು ಹೇಳಿದಳು.

"ಮಧ್ಯಾಹ್ನದ ಸೊಪ್ಪು ಕೊಯ್ದು ಒದ್ದೆ ಬಟ್ಟೆ ಮುಚ್ಚಿಟ್ಟಿದೀನಿ ಅಂತ ಹೇಳಿ. ಅತ್ತೆಗೆ ಬಗ್ಗಕ್ಕಾಗಲ್ಲ."

ಠಾಣೆಯಲ್ಲಿ ಶಿವಶಂಕರ್ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದ. ಹೋದ ತಿಂಗಳು, ಹಿಂದಿನ ಬೆಳೆಯ ಜ್ವರದ ದಿನ, ಮುನಿಲಕ್ಷ್ಮಿ ಬರುತ್ತಾಳೆ. ಬಂಡೆಯ ಎಲೆಗಳನ್ನು ಕೈಯಿಂದ ಗುಡಿಸುತ್ತಾಳೆ. ಸೆರಗು ಮಡಿಸಿ ತಲೆಗಿಟ್ಟುಕೊಳ್ಳುತ್ತಾಳೆ. ಮಗ್ಗುಲು ಬದಲಿಸಿದಾಗಲೆಲ್ಲ ಒಂದು ಫೋಟೊ. ಬಾಯಿ ಸ್ವಲ್ಪ ತೆರೆದಿದೆ. ಅವಳೆದ್ದು ಹೋದ ಸಂಜೆಯೇ ಅದೇ ಬಂಡೆಯ ಮೇಲೆ ಚಿರತೆ, ಕಾಲು ಚಾಚಿಕೊಂಡು.

"ಅಮ್ಮಣ್ಣಿ, ನೋಡಿಲ್ಲಿ!" ಶಿವಶಂಕರ್ ಪರದೆಯ ಮೇಲೆ ಬೆರಳಿಟ್ಟ. "ಉಳಿದಿದ್ದು ನಿನ್ ಪುಣ್ಯ."

ಮುನಿಲಕ್ಷ್ಮಿ ಬಗ್ಗಿ ನೋಡಿದಳು. "ಅದೂ ಮಲಗಕ್ಕೇ ಬಂದಿರ್ತದೆ," ಎಂದಳು.

ಕದಿರಪ್ಪ ಸಂತೆಯ ಚೀಲದ ಸಮೇತ ಓಡಿ ಬಂದ. ಹೆಂಡತಿಯ ಕಡೆ ತಿರುಗದೆ ವಾಣಿಶ್ರೀಯನ್ನು ಕೇಳಿದ, "ಯಾರವನು?"

ವಾಣಿಶ್ರೀಗೆ ವಿವರಿಸುವ ಶಕ್ತಿ ಇರಲಿಲ್ಲ. ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದಳು. "ಒಂದೊಂದೇ ಒತ್ಕೊಂಡು ಹೋಗಿ."

ಅವನು ಒತ್ತುತ್ತಾ ಹೋದ. ಕೊನೆ ಮುಟ್ಟಿ, ಮತ್ತೆ ಮೊದಲಿನಿಂದ ನೋಡಿದ. ಪೊದೆಗಳ ಸಂದಿಯಲ್ಲಿ, ಬಂಡೆಯ ಆಚೆ, ಚೌಕಟ್ಟಿನ ಅಂಚಿನಲ್ಲಿ ಹುಡುಕಿದ. ಅವಳೇ ಕದ್ದು ಬಚ್ಚಿಟ್ಟದ್ದನ್ನು ಬಿಟ್ಟರೆ ಅವಳ ಪರವಾಗಿ ಹೇಳಲು ಬೇರೆ ಯಾವ ಸಾಕ್ಷಿಯೂ ಇರಲಿಲ್ಲ ಎಂದು ವಾಣಿಶ್ರೀಗೆ ಅನ್ನಿಸಿತು.

"ಇಷ್ಟೇನಾ?" ಎಂದ ಕದಿರಪ್ಪ.

"ಇಷ್ಟೇ."

ಅವನು ಚೀಲ ಎತ್ತಿಕೊಂಡ, ಮತ್ತೆ ಇಳಿಸಿದ. "ಜಾಮೀನಿಗೆ ಏನೇನು ಬೇಕು?" ಎಂದು ನೆಲ ನೋಡುತ್ತಾ ಕೇಳಿದ. ಹೇಳಿಸಿಕೊಂಡು, ಸೊಪ್ಪು ಹಾಕಿ ಕೋರ್ಟಿಗೇ ಬರುತ್ತೇನೆಂದು ಹೋದ.

ಕೇಸ್ ಡೈರಿ ಬರೆಯುತ್ತಿದ್ದ ನಂದೀಶ ತಲೆಯೆತ್ತಿದ. "ಕಳವಿನ ಕಾರಣ ಏನಂತ ಹಾಕ್ಲಿ ಮೇಡಂ?"

"ಅವಳು ಹೇಳಿದ್ದನ್ನೇ ಬರಿ."

"ನಂಬ್ತಾರಾ ಕೋರ್ಟಲ್ಲಿ?"

ವಾಣಿಶ್ರೀ ಕಣ್ಣುಜ್ಜಿಕೊಂಡಳು. ಹೊರಗೆ ಜೀಪು ಸ್ಟಾರ್ಟ್ ಆಯಿತು. ನಂದೀಶ ಕಾಗದಗಳನ್ನು ಜೋಡಿಸಿ ಎದ್ದು, ಬೆಂಚಿನ ಹತ್ತಿರ ಹೋಗಿ ನಿಂತುಬಿಟ್ಟ. ಮುನಿಲಕ್ಷ್ಮಿ ಗೋಡೆಗೆ ತಲೆ ಆನಿಸಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಬೆರಳ ಸಂದಿಯಲ್ಲಿ ಇನ್ನೂ ಸುಣ್ಣ.

"ಎಬ್ಬಿಸ್ಲಾ?"

"ಮ್ಯಾಜಿಸ್ಟ್ರೇಟರು ಊಟಕ್ಕೆ ಎದ್ದಿರ್ತಾರೆ," ಎಂದಳು ವಾಣಿಶ್ರೀ. "ಜೀಪು ಆಫ್ ಮಾಡಕ್ಕೆ ಹೇಳು."