ಕೈ ಹಾಕಬಾರದ ಕಾರು

ಆ ಗುರುವಾರ ಬೆಳಿಗ್ಗೆ ಶಿವರಂಜಿನಿ ಮೇಡಂ ಗ್ಯಾರೇಜಿಗೆ ಬಂದಾಗ ನಾನೊಂದು ವ್ಯಾನಿನ ಕೆಳಗೆ ಅಂಗಾತ ಮಲಗಿದ್ದೆ. ಮೊದಲು ಕಂಡದ್ದು ಅವರ ಪಾದ. ಎಡಗಾಲಿನ ಚಪ್ಪಲಿಯ ಪಟ್ಟಿ ಹೊಲಿಗೆ ಬಿಟ್ಟಿತ್ತು, ಅದಕ್ಕೊಂದು ಸೇಫ್ಟಿ ಪಿನ್ ಚುಚ್ಚಿದ್ದರು. ಅಷ್ಟು ದೊಡ್ಡ ಕಾರಿನಿಂದ ಇಳಿಯೋ ಪಾದಕ್ಕೆ ಸೇಫ್ಟಿ ಪಿನ್! ನನಗೆ ನಗು ಬಂತು.

“ಮುನೇಶ್ ಅವರೇ, ನೀವು ಹೊರಗೆ ಬರ್ತೀರಾ, ಇಲ್ಲ ನಾನೇ ಕೆಳಗೆ ಬರ್ಲಾ?”

“ಬಂದೆ ಮೇಡಂ, ಬಂದೆ.”

ಎದ್ದು ನಿಂತೆ. ಕೈ ತುಂಬ ಗ್ರೀಸ್. ಅವರ ಕೈಯಲ್ಲೊಂದು ಕಾಗದ ಇತ್ತು, ನಾನು ಈಸ್ಕೊಳ್ಳೋ ಹಾಗಿರಲಿಲ್ಲ. ಅವರೇ ಅದನ್ನ ನನ್ನ ಮುಖದ ಮುಂದೆ ಹಿಡಿದರು. ಕಾಗದದ ಮೇಲ್ಗಡೆ ಅವರ ಕಣ್ಣು ಮಾತ್ರ ಕಾಣ್ತಿತ್ತು. ಮೊದಲನೇ ಸಾಲನ್ನ ಮೂರು ಸಲ ಓದಿದೆ. ಏನೂ ತಲೆಗೆ ಹೋಗಲಿಲ್ಲ.

“ಓದಿದ್ರಾ?”

“ನೀವೇ ಓದಿ ಮೇಡಂ. ಅಕ್ಷರ ಚಿಕ್ಕದು.”

ಅವರು ಬಸವನಗುಡಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಮೇಡಂ. ಕಾಗದ ಓದಿದರೂ ಲೆಕ್ಕ ಬಿಡಿಸಿದ ಹಾಗೇ ಓದ್ತಾರೆ. ವಿಷಯ ಇಷ್ಟು: ಅವರ ತಂದೆಯ ಕರಿ ಜರ್ಮನ್ ಕಾರಿಗೆ ಇನ್ನೆರಡು ತಿಂಗಳಲ್ಲಿ ಎಂಟು ವರ್ಷ ತುಂಬುತ್ತೆ. ಕಂಪನಿ ಕೊಟ್ಟಿದ್ದ ವಾರಂಟಿ ಮುಗಿದು ಎರಡು ವರ್ಷವೇ ಆಗಿತ್ತು. ಈಗ ಕೊನೆಯದಾಗಿ ಒಂದು ಅವಕಾಶ ಅಂತೆ. ಶನಿವಾರದೊಳಗೆ ದುಡ್ಡು ಕಟ್ಟಿದರೆ, ಕಂಪನಿಯವರೇ ಕಾರನ್ನ ಪರೀಕ್ಷೆ ಮಾಡಿ, ಇನ್ನೆರಡು ವರ್ಷಕ್ಕೆ ವಾರಂಟಿ ಮುಂದುವರಿಸ್ತಾರೆ. ಆಮೇಲೆ ಕೇಳಿದರೂ ಕೊಡಲ್ಲ.

“ತಗೊಳ್ಳಲಾ, ಬೇಡ್ವಾ? ನೀವು ಹೇಗೆ ಹೇಳ್ತೀರೋ ಹಾಗೆ,” ಅಂದರು.

ಆ ಎರಡು ವರ್ಷದಿಂದಲೇ ಅವರು ನನ್ನ ಗ್ಯಾರೇಜಿಗೆ ಬರ್ತಾ ಇದ್ದದ್ದು. ವರ್ಷಕ್ಕೊಂದು ದೊಡ್ಡ ಸರ್ವಿಸ್ ಕಂಪನಿಯಲ್ಲೇ, ಹೊಸೂರು ರೋಡಿನ ಆಚೆ. ಮಿಕ್ಕಿದ ಸಣ್ಣಪುಟ್ಟದ್ದೆಲ್ಲ ಚಾಮರಾಜಪೇಟೆಯಲ್ಲಿ, ನನ್ನ ಹತ್ರ. ಹತ್ತು ವರ್ಷ ಅಂಥಾ ಕಾರುಗಳ ವರ್ಕ್‌ಶಾಪಿನಲ್ಲೇ ದುಡಿದು, ಆಮೇಲೆ ಸ್ವಂತ ಶೆಡ್ ಹಾಕಿದವನು ನಾನು. ಮೊದಮೊದಲು ಅವರು ಮೂರು ತಿಂಗಳಿಗೊಂದು ಸಲ ಬರ್ತಿದ್ದರು. ಈಚೆಗೆ ಹತ್ತು ದಿನಕ್ಕೊಂದು ಸಲ. ವೈಪರ್ ಕಿರ್ ಅನ್ನುತ್ತೆ, ಡ್ಯಾಶ್‌ಬೋರ್ಡಿನಲ್ಲಿ ಏನೋ ಟಿಕ್ ಟಿಕ್ ಅನ್ನುತ್ತೆ, ಎಸಿ ವಾಸನೆ ಬರುತ್ತೆ. ನಾನು ಮೂಸಿ ನೋಡಿದರೆ ಯಾವ ವಾಸನೆಯೂ ಇರ್ತಿರಲಿಲ್ಲ. ಅವರು ಮುಡಿದ ಮಲ್ಲಿಗೆಯದ್ದು ಬಿಟ್ಟು.

“ಒಂದು ರೌಂಡ್ ಹೋಗಿ ನೋಡಿ ಹೇಳ್ತೀನಿ,” ಅಂದೆ.

ಅವರು ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಸೀಟಿಗೆ ಕೊಳೆ ಆಗದ ಹಾಗೆ ಪೇಪರ್ ಹಾಸಿಕೊಂಡಿದ್ದೆ. ಅದು ನಾನು ಅಲ್ಲಾಡಿದಾಗೆಲ್ಲ ಪರಪರ ಅಂತಿತ್ತು. ಅವರು ಮುಂದೆ ನೋಡ್ತಾನೇ ನಗು ತಡಕೊಂಡರು. ಕೆನ್ನೆ ಮಾತ್ರ ತಡೆಯಲಿಲ್ಲ, ಗುಳಿ ಬಿತ್ತು.

“ಪೇಪರ್ ತೆಗೀರಿ ಮುನೇಶ್. ಸೀಟು ತೊಳೀಬಹುದು.”

“ಬೇಡ ಮೇಡಂ. ಯಜಮಾನ್ರು ಬೈತಾರೆ.”

ಯಜಮಾನ್ರು ಅಂದ್ರೆ ಗಂಗಾಧರಯ್ಯನವರು. ಚಿಕ್ಕಪೇಟೆಯಲ್ಲಿ ನಲವತ್ತು ವರ್ಷ ರೇಷ್ಮೆ ಸೀರೆ ಅಂಗಡಿ ನಡೆಸಿದವರು. ಅಂಗಡಿ ಬಿಟ್ಟುಕೊಟ್ಟ ವರ್ಷ ಈ ಕಾರು ತಗೊಂಡರು. ಅದಾಗಿ ಎರಡು ವರ್ಷಕ್ಕೆ ಕೈ ನಡುಕ ಶುರುವಾಯ್ತು. ಪಾರ್ಕಿನ್ಸನ್ ಅಂದರು ಡಾಕ್ಟರು. ಈಗ ಒಂದು ಲೋಟ ಕಾಫಿ ಕುಡಿಯೋಕೂ ಮಗಳು ಬೇಕು.

“ಮಾರಿಬಿಡಬಹುದಲ್ಲ ಮೇಡಂ?” ಅಂದೆ.

“ಸಂಜೆ ಆ ಸೀಟಲ್ಲಿ ಕೂತು ಒಂದು ಸುತ್ತು ಹೋಗ್ತಾರಲ್ಲ, ಆ ಮುಕ್ಕಾಲು ಗಂಟೆ ಮಾತ್ರ ಅಪ್ಪ ಯಾರ ಹತ್ರಾನೂ ಏನೂ ಕೇಳಲ್ಲ. ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಅಂತ ನನಗೇ ಹೇಳ್ತಾರೆ. ಅದನ್ನ ಹೇಗೆ ಮಾರ್ಲಿ?”

ಉಮಾ ಟಾಕೀಸ್ ಕಡೆ ತಿರುಗುವಾಗ ಕಾರು ಎರಡನೇ ಗೇರಿನಿಂದ ಮೂರಕ್ಕೆ ಹೋಗ್ತಾ ಸಣ್ಣಗೆ ಜಗ್ಗಿತು. ಬಿಕ್ಕಳಿಕೆಯ ಹಾಗೆ. ಅವರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯ್ತು. ಇನ್ನೊಂದು ವರ್ಷದಲ್ಲಿ ಆ ಗೇರ್‌ಬಾಕ್ಸ್ ಕೈ ಕೊಡುತ್ತೆ. ಅದರ ರಿಪೇರಿ ಖರ್ಚು ಒಬ್ಬ ಟೀಚರ್ ತಡಕೊಳ್ಳೋ ಅಂಥದ್ದಲ್ಲ. ವಾರಂಟಿ ತಗೊಂಡರೆ ಅವರು ಬಚಾವ್.

ಗ್ಯಾರೇಜಿಗೆ ವಾಪಸ್ ಬಂದು, ಕೈ ತೊಳೆದು, ಕಾಗದವನ್ನ ನಾನೇ ಪೂರ್ತಿ ಓದಿದೆ. ಹನ್ನೊಂದನೇ ಷರತ್ತು ಅಲ್ಲಿತ್ತು. ಇನ್ನು ಮುಂದೆ ಕಂಪನಿಯವರನ್ನ ಬಿಟ್ಟು ಹೊರಗಿನ ಯಾವ ಮೆಕ್ಯಾನಿಕ್ ಬಾನೆಟ್ ಎತ್ತಿ ಕೈ ಹಾಕಿದರೂ ವಾರಂಟಿ ರದ್ದು.

ಹೊರಗಿನ ಮೆಕ್ಯಾನಿಕ್ ಅಂದ್ರೆ ನಾನು.

ನಿಜ ಹೇಳ್ತೀನಿ, ಆ ಕ್ಷಣ ನನ್ನ ಬಾಯಿಗೆ ಸುಳ್ಳು ಬಂದಿತ್ತು. ‘ಗಾಡಿ ಗಟ್ಟಿಯಾಗಿದೆ, ಯಾಕೆ ಸುಮ್ನೆ ದುಡ್ಡು ದಂಡ’ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಇನ್ನು ಹತ್ತು ದಿನಕ್ಕೆ ಆ ಕರಿ ಕಾರು ಮತ್ತೆ ನನ್ನ ಶೆಡ್ಡಿನ ಮುಂದೆ ಬಂದು ನಿಲ್ತಿತ್ತು. ಅವರು ನನ್ನನ್ನೇ ನೋಡ್ತಾ ನಿಂತಿದ್ದರು. ಉತ್ತರ ಗೊತ್ತಿದ್ದೂ ಮಕ್ಕಳ ಬಾಯಿಂದ ಹೇಳಿಸೋ ಮೇಡಮ್ಮಿನ ನೋಟ ಅದು.

“ತಗೊಳ್ಳಿ ಮೇಡಂ,” ಅಂದೆ. “ಗೇರ್‌ಬಾಕ್ಸ್ ತೊಂದರೆ ಕೊಡುತ್ತೆ. ತಗೊಳ್ಳಲೇಬೇಕು.”

“ಹನ್ನೊಂದನೇದು ಓದಿದ್ರಾ?”

“ಓದಿದೆ.”

“ಓದೀನೂ ತಗೊಳ್ಳಿ ಅಂತೀರಾ?”

“ಹೌದು ಮೇಡಂ. ನಿಮಗೆ ಅದೇ ಒಳ್ಳೇದು.”

ಅವರು ಕಾಗದವನ್ನ ನಾಲ್ಕು ಮಡಿಕೆ ಮಾಡಿದರು, ನಿಧಾನವಾಗಿ. “ಸರಿ. ಇನ್ಮೇಲೆ ನಿಮಗೆ ತೊಂದರೆ ಕೊಡಲ್ಲ,” ಅಂದು ಹೊರಟುಬಿಟ್ಟರು. ಮೇಡಂ, ತೊಂದರೆ ಅಂತ ಯಾರು ಹೇಳಿದ್ದು ಅಂತ ಕೇಳಬೇಕಿತ್ತು. ನನ್ನ ಬಾಯಿ ತೆರೆಯೋ ಹೊತ್ತಿಗೆ ಕಾರು ಕ್ರಾಸ್ ದಾಟಿತ್ತು.

ಆಮೇಲೆ ಹತ್ತು ದಿನ ಆಯ್ತು, ಇಪ್ಪತ್ತು ಆಯ್ತು, ಎರಡು ತಿಂಗಳೂ ಆಯ್ತು. ಅವರು ಬರಲಿಲ್ಲ. ಬರೋ ಹಾಗೂ ಇರಲಿಲ್ಲ, ನಾನೇ ಬಾಗಿಲು ಹಾಕಿದ್ದೆ. ಫೋನಿನಲ್ಲಿ ಅವರ ನಂಬರಿತ್ತು. ‘ಗಾಡಿ ಹೇಗಿದೆ ಮೇಡಂ’ ಅಂತ ಬರೀತಿದ್ದೆ, ಅಳಿಸ್ತಿದ್ದೆ. ಗಾಡಿ ಬಗ್ಗೆ ಕೇಳೋ ಹಕ್ಕು ಈಗ ನನಗಿಲ್ಲ. ಗಾಡಿ ಬಿಟ್ಟು ಬೇರೆ ಏನು ಕೇಳೋಕೂ ಮೊದಲಿಂದಲೂ ಇರಲಿಲ್ಲ. ಅವರದು ಪೇಟೆಯ ಲಿಂಗಾಯತರ ಮನೆತನ. ನಮ್ಮಪ್ಪ ಕಲಾಸಿಪಾಳ್ಯದಲ್ಲಿ ಸೊಪ್ಪಿನ ಮಂಡಿ ಇಟ್ಟಿದ್ದವರು. ಮೇಡಂಗೆ ಒಂದು ಮದುವೆ ಆಗಿ, ಮೂರು ವರ್ಷ ಕಷ್ಟಪಟ್ಟು, ಬಿಟ್ಟು ಬಂದಿದ್ದಾರೆ ಅಂತ ಗೊತ್ತಿತ್ತು. ನನಗೆ ಮೂವತ್ತೆಂಟು. ಮದುವೆ ಮಾತು ಬಂದಾಗೆಲ್ಲ ಶೆಡ್ ಹಾಕಬೇಕು, ಆಮೇಲೆ, ಆಮೇಲೆ ಅಂತ ತಳ್ಳಿಕೊಂಡು ಬಂದವನು.

ನಮ್ಮಮ್ಮ ದ್ರೌಪದಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ತಂದವಳು, ಸ್ಟೂಲಿನ ಮೇಲೆ ಕೂತು ನನ್ನನ್ನ ನೋಡಿದಳು.

“ಆ ಕರಿ ಕಾರಿನ ಮೇಡಮ್ಮು ಬರ್ತಿಲ್ವಾ?”

“ಕಂಪನಿಗೆ ಹೋಗ್ತಾರಮ್ಮ ಈಗ. ವಾರಂಟಿ ಇದೆ.”

“ಯಾರು ತಗೊಳ್ಳಿ ಅಂದಿದ್ದು?”

“ನಾನೇ.”

ಅಮ್ಮ ಸಾರು ಬಡಿಸ್ತಾ ಇದ್ದ ಕೈ ನಿಲ್ಲಿಸಿದಳು. “ಅಯ್ಯೋ ದಡ್ಡ ನನ್ ಮಗನೇ,” ಅಂದಳು. ಬೈಗುಳದಲ್ಲಿ ಬೈಗುಳಕ್ಕಿಂತ ಕನಿಕರವೇ ಜಾಸ್ತಿ ಇತ್ತು.

ಫೋನ್ ಬಂದದ್ದು ಒಂದು ಭಾನುವಾರ ಸಂಜೆ ಐದಕ್ಕೆ.

“ಮುನೇಶ್, ಬುಲ್ ಟೆಂಪಲ್ ರೋಡಲ್ಲಿ ಕಾರು ನಿಂತುಹೋಗಿದೆ. ಮುಂದುಗಡೆಯಿಂದ ಹಬೆ ಬರ್ತಿದೆ. ಅಪ್ಪ ಒಳಗಿದ್ದಾರೆ. ಬರ್ತೀರಾ?”

ಗಾಡಿ ಓಡಿಸಿದ್ದೇ ನೆನಪಿಲ್ಲ. ಆರು ನಿಮಿಷಕ್ಕೆ ಅಲ್ಲಿದ್ದೆ. ಕಾರು ಮರದ ಕೆಳಗೆ ಎಡಕ್ಕೆ ಒರಗಿ ನಿಂತಿತ್ತು. ಅವರು ಸೆರಗನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಬರೋ ಬಸ್ಸುಗಳಿಗೆ ಪಕ್ಕದಲ್ಲಿ ಹೋಗಿ ಅಂತ ಕೈ ಬೀಸ್ತಾ ಇದ್ದರು. ನನ್ನನ್ನ ಕಂಡದ್ದೇ ಆ ಕೈ ಹಾಗೇ ಕೆಳಗಿಳೀತು. ಎರಡು ತಿಂಗಳ ಮೇಲೆ ನೋಡ್ತಿದೀನಿ. ಸ್ವಲ್ಪ ಸೊರಗಿದ್ದರು.

ಕೆಳಗೆ ಬಗ್ಗಿ ನೋಡಿದೆ. ಹಸಿರು ನೀರು ತೊಟ್ಟಿಕ್ಕಿ ರಸ್ತೆಯಲ್ಲಿ ಹರೀತಿತ್ತು. ಇಂಜಿನ್ನಿನ ನೀರಿನ ಪೈಪು ಜಾರಿದೆ, ಅಷ್ಟೇ. ಕ್ಲಿಪ್ ಹಾಕಿ ಬಿಗಿ ಮಾಡಿ ನೀರು ತುಂಬಿದರೆ ಇಪ್ಪತ್ತು ನಿಮಿಷದ ಕೆಲಸ. ಕ್ಲಿಪ್ಪು ನನ್ನ ಪಿಕಪ್ಪಿನ ಟೂಲ್ ಬಾಕ್ಸಿನಲ್ಲೇ ಇತ್ತು. ಬಾನೆಟ್ ಮೇಲೆ ಕೈ ಇಟ್ಟೆ. ಇಟ್ಟ ಕೈ ತೆಗೆದೆ.

“ಕಂಪನಿಗೆ ಫೋನ್ ಮಾಡಿದ್ರಾ?”

“ಮಾಡಿದೆ. ಗಾಡಿ ಹೊತ್ಕೊಂಡು ಹೋಗೋಕೆ ಲಾರಿ ಕಳಿಸ್ತಾರಂತೆ. ಒಂದೂವರೆ ಗಂಟೆ ಆಗುತ್ತಂತೆ.”

“ಹಾಗಾದ್ರೆ ಕಾಯ್ಬೇಕು ಮೇಡಂ. ನಾನು ಮುಟ್ಟೋ ಹಾಗಿಲ್ಲ. ಮುಂದೆ ಗೇರ್‌ಬಾಕ್ಸ್ ಹೋದಾಗ ಇದನ್ನೇ ನೆವ ಮಾಡಿ ಆಗಲ್ಲ ಅಂದ್ರೆ?”

“ಗೊತ್ತು,” ಅಂದರು.

ಗಂಗಾಧರಯ್ಯನವರನ್ನ ಆಟೋದಲ್ಲಿ ಮನೆಗೆ ಕಳಿಸೋಣ ಅಂದರೆ ಅವರು ಒಪ್ಪಲಿಲ್ಲ. “ಗಾಡಿ ನಡುಬೀದೀಲಿ ಬಿಟ್ಟು ನಾನೆಲ್ಲಿಗೆ ಬರ್ಲಿ? ಲಾರಿ ಬರ್ಲಿ,” ಅಂತ ಮುಂದಿನ ಸೀಟಿನಲ್ಲೇ ಕೂತರು. ನೀರು ಕುಡಿಸಿದೆ. ಬಾಟಲಿಯನ್ನ ಅವರ ಕೈ ಜೊತೆ ನಾನೂ ಹಿಡಿದುಕೊಂಡೆ. ಕಿಟಕಿ ಗಾಜು ಇಳಿಸಿಟ್ಟು, ನಾನು, ಮೇಡಂ ಫುಟ್‌ಪಾತಿನ ಕಟ್ಟೆ ಮೇಲೆ ಕೂತೆವು. ನಡುವೆ ಇನ್ನೊಬ್ಬರು ಕೂರೋಷ್ಟು ಜಾಗ ಬಿಟ್ಟು.

ಕಣ್ಣೆದುರಿಗೆ ಕೆಟ್ಟ ಕಾರು. ಏನು ಕೆಟ್ಟಿದೆ ಅಂತ ಗೊತ್ತು, ಸರಿ ಮಾಡೋಕೂ ಗೊತ್ತು. ಆದರೂ ಕೈ ಕಟ್ಟಿ ಕೂರಬೇಕು. ಹದಿನೆಂಟು ವರ್ಷದ ಕೆಲಸದಲ್ಲಿ ಇಷ್ಟು ಅಸಹಾಯಕನಾಗಿ ನಾನು ಯಾವತ್ತೂ ಕೂತಿರಲಿಲ್ಲ.

“ಮೇಡಂ, ಒಂದು ಕೇಳ್ಲಾ? ನಾನೇನೂ ಮಾಡೋಕಾಗಲ್ಲ ಅಂತ ನಿಮಗೆ ಗೊತ್ತಿತ್ತು. ಆದ್ರೂ ಯಾಕೆ ಕರೆದ್ರಿ?”

ಅವರು ರಸ್ತೆಯನ್ನೇ ನೋಡ್ತಾ ಇದ್ದರು.

“ಹಬೆ ಬಂದ ಕೂಡ್ಲೇ ಗಾಬರಿ ಆಯ್ತು. ಕಂಪನಿ ನಂಬರ್ ಒತ್ತಿ ಹೇಳಬೇಕಾದ್ದೆಲ್ಲ ಹೇಳಿದೆ. ಫೋನ್ ಇಟ್ಟಮೇಲೂ ಗಾಬರಿ ಹೋಗ್ಲಿಲ್ಲ. ಆಗ ನಿಮಗೆ ಮಾಡಿದೆ. ನೀವು ‘ಹಲೋ’ ಅಂದ್ರಿ ನೋಡಿ, ಅಷ್ಟಕ್ಕೇ ಹೋಯ್ತು.” ಒಂದು ಸಲ ಉಸಿರೆಳೆದುಕೊಂಡರು. “ನೀವು ರಿಪೇರಿ ಮಾಡ್ಲಿ ಅಂತ ಕರೀಲಿಲ್ಲ ಮುನೇಶ್. ಸುಮ್ನೆ ಪಕ್ಕದಲ್ಲಿರ್ಲಿ ಅಂತ ಕರೆದೆ.”

ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯ್ತು.

“ಆವತ್ತು ನೀವು ಬೇಡ ಅಂತೀರ ಅಂದ್ಕೊಂಡಿದ್ದೆ,” ಅಂದರು. “ಹನ್ನೊಂದನೇದು ಓದಿದ ಮೇಲೂ ಯೋಚನೆ ಮಾಡದೆ ತಗೊಳ್ಳಿ ಅಂದುಬಿಟ್ರಿ. ಇವರಿಗೇನೂ ಇಲ್ಲ, ನಾನೇ ಏನೇನೋ ಅಂದ್ಕೊಂಡೆ ಅಂತ ನಾಚಿಕೆ ಆಯ್ತು. ಮನೆಗೆ ಹೋಗಿ ಅತ್ತೆ.”

“ಯೋಚನೆ ಮಾಡದೆ?” ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಮೇಡಂ, ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಆದ್ರೆ ಆ ಗೇರ್‌ಬಾಕ್ಸ್ ಹೋದ ದಿನ ನೀವು ಏನು ಮಾಡ್ತಿದ್ರಿ? ಯಜಮಾನ್ರಿಗೆ ಸಂಜೆ ಏನು ಹೇಳ್ತಿದ್ರಿ? ನೀವು ಬರ್ತಾ ಇರ್ಲಿ ಅನ್ನೋ ಆಸೆಗೆ ನಿಮ್ಮನ್ನೇ ಕಷ್ಟಕ್ಕೆ ದೂಡೋಕಾಗ್ಲಿಲ್ಲ. ನೀವಂದ್ರೆ ನನಗೆ ಜೀವ. ಅದಕ್ಕೇ ತಗೊಳ್ಳಿ ಅಂದೆ.”

ಹೇಳಿಬಿಟ್ಟಿದ್ದೆ. ನಡುಬೀದೀಲಿ, ಕೆಟ್ಟು ನಿಂತ ಕಾರಿನ ಮುಂದೆ. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಳ್ತಿದ್ದಾರೋ ನಗ್ತಿದ್ದಾರೋ ತಿಳೀಲಿಲ್ಲ. ಭುಜ ಮಾತ್ರ ಅಲ್ಲಾಡ್ತಿತ್ತು. ಬೆರಳು ಸ್ವಲ್ಪ ಸರಿಸಿ ಆ ಸಂದಿಯಿಂದ ನನ್ನನ್ನ ನೋಡಿದರು. ಎರಡೂ ಇತ್ತು.

“ಈಗೇನು ಮಾಡೋಣ?” ಅಂದರು.

“ಗೊತ್ತಿಲ್ಲ.”

“ನಂಗೂ ಗೊತ್ತಿಲ್ಲ,” ಅಂದು ನಮ್ಮಿಬ್ಬರ ನಡುವಿನ ಆ ಜಾಗಕ್ಕೆ ಸರಿದು ಕೂತರು.

ಲಾರಿ ಬಂದಾಗ ದೀಪ ಹತ್ತಿತ್ತು. ಕಾರನ್ನ ಮೇಲೆಳೆಯೋಕೆ ಮುಂಚೆ ಯಜಮಾನ್ರನ್ನ ಇಳಿಸಬೇಕಿತ್ತು. ಅವರ ತೋಳಿನ ಕೆಳಗೆ ಕೈ ಕೊಟ್ಟು ಎತ್ತಿದೆ. ನನ್ನ ಭುಜ ಹಿಡಿದು ನಿಂತವರು ಹಿಡಿತ ಬಿಡಲಿಲ್ಲ. ಮೇಡಂ ಆಚೆ ಲಾರಿಯವರ ಕಾಗದಕ್ಕೆ ಸಹಿ ಹಾಕ್ತಾ ಇದ್ದರು.

“ಕಿಟಕಿ ತೆಗೆದಿತ್ತಪ್ಪ,” ಅಂದರು ಯಜಮಾನ್ರು ಮೆಲ್ಲಗೆ.

ಅಂದ್ರೆ ನಾವಾಡಿದ್ದೆಲ್ಲ ಅವರಿಗೆ ಕೇಳಿಸಿದೆ. “ಯಜಮಾನ್ರೇ, ನಾನು...”

“ನಿಂದೇನೂ ತಪ್ಪಿಲ್ಲ. ಅವಳಿಗೆ ಒಂದ್ಸಲ ನಾನೇ ಗಂಡು ನೋಡಿ, ನಮ್ಮ ಜಾತಿಯವರು ಅಂತ ಕೊಟ್ಟೆ. ಅವಳು ಪಟ್ಟ ಪಾಡು ನೋಡಿದೀನಿ. ಈಗ ಬೇಡ ಅನ್ನೋಕೂ ಬಾಯಿ ಬರಲ್ಲ, ಹೂಂ ಅನ್ನೋಕೂ ಧೈರ್ಯ ಇಲ್ಲ. ಜನ ಏನಂತಾರೋ, ನಿಮ್ಮ ಮನೇಲಿ ಏನಂತಾರೋ. ಏನು ಹೇಳ್ಲಿ ಹೇಳು?”

“ಮೊದ್ಲು ಮನೆಗೆ ಹೋಗೋಣ ಬನ್ನಿ,” ಅಂದೆ.

ಲಾರಿ ಹೊರಟಿತು. ಅದರ ಬೆನ್ನ ಮೇಲೆ ಕರಿ ಕಾರು ರಾಮಕೃಷ್ಣಾಶ್ರಮದ ಕಡೆ ತಿರುಗೋವರೆಗೂ ಯಜಮಾನ್ರು ನೋಡ್ತಾ ನಿಂತರು. ನನ್ನ ಗಾಡಿಗೆ ಅವರು ಹತ್ತೋಕಾಗಲ್ಲ, ಅದು ತೀರಾ ಎತ್ತರದ ಪಿಕಪ್ಪು. ಅದನ್ನ ಅಲ್ಲೇ ಬಿಟ್ಟು ಆಟೋ ಹಿಡಿದೆ. ಒಂದು ಕಡೆ ಮೇಡಂ, ಒಂದು ಕಡೆ ನಾನು, ಕುಲುಕಿದರೆ ಬೀಳಬಾರದು ಅಂತ ನಡುವೆ ಯಜಮಾನ್ರು. ಬೆನ್ನಿಗೆ ಆಸರೆಯಾಗಿರಲಿ ಅಂತ ನಾನು ಅವರ ಹಿಂದೆ ತೋಳು ಚಾಚಿದೆ. ಅದೇ ಹೊತ್ತಿಗೆ ಆ ಕಡೆಯಿಂದ ಮೇಡಂ ತೋಳೂ ಬಂತು. ಎರಡು ಕೈ ಅವರ ಬೆನ್ನ ಹಿಂದೆ ಮುಟ್ಟಿದವು. ನಾನು ಎಳೆದುಕೊಳ್ಳೋಕೆ ಹೋದೆ. ಮೇಡಂ ಬಿಡಲಿಲ್ಲ.

ಗಾಂಧಿ ಬಜಾರಿನ ಜನಜಂಗುಳಿಯಲ್ಲಿ ಆಟೋ ತೆವಳ್ತಾ ಹೋಯ್ತು. ಯಜಮಾನ್ರು ಮುಂದೆ ಬಾಗಿ ಡ್ರೈವರಿಗೆ ಹೇಳಿದರು, “ಇಲ್ಲಿ ಎಡಕ್ಕೆ ತಗೋಳಪ್ಪ. ಮೆಲ್ಲಗೆ ಹೋಗು, ಏನೂ ಅವಸರ ಇಲ್ಲ.”