ಇಬ್ಬರೇ ನಕ್ಕ ಸಿನಿಮಾ

ಪರದೆಯ ಪಕ್ಕದಲ್ಲೇ ನಿಂತು ಯಾರೋ ಒಬ್ಬ ಕೈ ಬೀಸುತ್ತಿದ್ದ. ರೂಪಶ್ರೀಗೆ ಮೈಯೆಲ್ಲ ಉರಿದುಹೋಯಿತು.

ಚಾಮರಾಜನಗರದ ಗ್ರಂಥಾಲಯದಲ್ಲಿ ಅವಳು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಪುಸ್ತಕಕ್ಕೆ ಬಾರದ ಜನ ನಗುವುದಕ್ಕಾದರೂ ಮೆಟ್ಟಿಲು ಹತ್ತಲಿ ಎಂದು, ತಿಂಗಳಿಗೆರಡು ಭಾನುವಾರ ಮಧ್ಯಾಹ್ನ ಮಹಡಿಯ ಹಾಲಿನಲ್ಲಿ ಹಾಸ್ಯಚಿತ್ರ ತೋರಿಸುವುದನ್ನು ಶುರುಮಾಡಿದವಳು ಅವಳೇ. ಅವತ್ತಿನದು ಊರಿಗೆಲ್ಲ ಬಾಯಿಪಾಠವಾಗಿದ್ದ ‘ಅಡ್ರೆಸ್ ಇಲ್ಲದ ಅಳಿಯಂದಿರು’. ಹಾಲ್ ತುಂಬಿ ಬಾಗಿಲ ಹತ್ತಿರವೂ ಜನ ನಿಂತಿದ್ದರು.

ಅವಳು ಬಗ್ಗಿಕೊಂಡೇ ಮುಂದೆ ಹೋಗಿ ಪಿಸುಗುಟ್ಟಿದಳು. “ರೀ, ಸ್ವಲ್ಪ ಕೂತ್ಕೊಳ್ತೀರಾ? ಹಿಂದಿರೋರಿಗೆ ಕಾಣಲ್ಲ.”

ಅವನು ಅವಳತ್ತ ತಿರುಗಲೇ ಇಲ್ಲ. “ಒಂದ್ನಿಮಿಷ ಮೇಡಂ. ಮಾವ ಈಗ ಬಾವಿಗೆ ಬೀಳ್ತಾರೆ.”

ಬೈಯಲು ಬಾಯಿ ತೆರೆದವಳು ಅವನ ನೋಟ ನೆಟ್ಟಿದ್ದ ಕಡೆ ನೋಡಿದಳು. ಮೊದಲ ಸಾಲಿನಲ್ಲಿ ಹನ್ನೆರಡು ಮಕ್ಕಳು. ಯಾರೂ ಪರದೆಯನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವನ ಕೈ ಮೇಲೆ. ಅವನ ಹೆಗಲು ಮಾವನಾಗುತ್ತಿತ್ತು, ಹುಬ್ಬು ಅತ್ತೆಯಾಗುತ್ತಿತ್ತು, ಎರಡು ಬೆರಳು ಓಡಿಬಂದು ಬಾವಿಯ ಕಟ್ಟೆ ಹತ್ತಿ ತೂರಾಡುತ್ತಿದ್ದವು. ಹಾಲಿಗೆ ಹಾಲೇ ಗೊಳ್ಳೆಂದಿತು. ಅದಾದ ಒಂದು ಕ್ಷಣಕ್ಕೆ ಮೊದಲ ಸಾಲು ಬಿದ್ದು ಬಿದ್ದು ನಕ್ಕಿತು.

ರೂಪಶ್ರೀ ಅಲ್ಲೇ ನೆಲದ ಮೇಲೆ ಕೂತಳು. ಉಳಿದ ಸಿನಿಮಾವನ್ನು ಅವಳೂ ಅವನ ಕೈಯಲ್ಲೇ ನೋಡಿದಳು.

ಜನ ಖಾಲಿಯಾದ ಮೇಲೆ ಅವಳೇ ಹೋಗಿ ಮಾತಾಡಿಸಿದಳು. “ಸಾರಿ. ನಂಗೆ ಗೊತ್ತಾಗ್ಲಿಲ್ಲ.”

“ಪರವಾಗಿಲ್ಲ ಬಿಡಿ. ನಾನು ಸಾಗರ್. ಗುಂಡ್ಲುಪೇಟೆಯಲ್ಲಿ ಕಿವಿ ಕೇಳಿಸದ ಮಕ್ಕಳ ಶಾಲೆ ಮೇಷ್ಟ್ರು.” ಅವನು ಮಣಿಕಟ್ಟು ಉಜ್ಜಿಕೊಂಡ. “ಒಂದು ಮಾತು ಹೇಳ್ಲಾ? ಸಿನಿಮಾ ಚೆನ್ನಾಗಿದೆ. ಆದ್ರೆ ಅದರಲ್ಲಿ ಎಲ್ರೂ ಎಷ್ಟು ಮಾತಾಡ್ತಾರೆ ಅಂತೀನಿ! ಕೈ ಬಿದ್ದೋಯ್ತು.”

“ಎಲ್ರಿಗೂ ಇಷ್ಟ ಅದು.”

“ಎಲ್ರಿಗೂ ಇಷ್ಟ ಆಗಿರೋದು ಗೊತ್ತಿರೋದೇ ಅಲ್ವಾ? ಯಾರೂ ನೋಡದೆ ಬಿಟ್ಟಿರೋದರಲ್ಲಿ ಒಳ್ಳೇದು ಎಷ್ಟಿದೆಯೋ.” ಹಾಗೆನ್ನುವಾಗ ಅವನ ಕಣ್ಣಲ್ಲಿ ಸಣ್ಣ ತುಂಟತನವಿತ್ತು. ಅದು ಸಿನಿಮಾಕ್ಕೆ ಮಾತ್ರ ಹೇಳಿದ ಮಾತೇ ಎಂದು ರೂಪಶ್ರೀ ಮನೆಗೆ ಹೋದ ಮೇಲೂ ಯೋಚಿಸಿದಳು.

ಆಮೇಲೆ ಪ್ರದರ್ಶನವಿಲ್ಲದ ಭಾನುವಾರಗಳಲ್ಲೂ ಅವನು ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಬರುವ ಬಸ್ಸು ಹಿಡಿದು ಬರತೊಡಗಿದ. ಇಬ್ಬರೂ ಸೇರಿ ಮಕ್ಕಳಿಗಾಗಿ ಪಟ್ಟಿ ಮಾಡಬೇಕಿತ್ತು. ನಿಯಮ ಅವನದೇ: ಸೌಂಡ್ ಪೂರ್ತಿ ತೆಗೆದು ನೋಡಬೇಕು, ಆಗಲೂ ನಗು ಬಂದರೆ ಮಾತ್ರ ಪಟ್ಟಿಗೆ.

ರೂಪಶ್ರೀಯ ಅಚ್ಚುಮೆಚ್ಚಿನ ಚಿತ್ರಗಳು ಒಂದೊಂದಾಗಿ ಸೋತವು. ‘ಅಡ್ರೆಸ್ ಇಲ್ಲದ ಅಳಿಯಂದಿರು’ ಐದೇ ನಿಮಿಷಕ್ಕೆ ನೆಲ ಕಚ್ಚಿತು. ಆರು ಜನ ಸಾಲಾಗಿ ನಿಂತು ಬಾಯಿ ತೆಗೆದು ಮುಚ್ಚುತ್ತಿದ್ದರು, ಅಷ್ಟೇ. ಆದರೆ ವಾರವೂ ಓಡದ ‘ಬೀಗರ ಬೈಸಿಕಲ್’ ಹಾಕಿದಾಗ ಬೇರೆಯದೇ ಆಯಿತು. ಮಗಳ ಮದುವೆಯ ಹೊತ್ತಿಗೆ ಸೈಕಲ್ ಕಲಿಯಲೇಬೇಕೆಂದು ಹಟ ಹಿಡಿದ ಮುದುಕನೊಬ್ಬ, ಯಾರೂ ನೋಡಬಾರದೆಂದು ಬಾಳೆತೋಟದೊಳಗೆ ಸೈಕಲ್ ಹತ್ತುತ್ತಾನೆ. ಪ್ರತಿ ಸಾಲಿನ ಕೊನೆಗೂ ಒಂದೊಂದು ಗೊನೆ ಹೊತ್ತು ಹೊರಬರುತ್ತಾನೆ. ಮುಖ ಮಾತ್ರ ದೇವರ ಮುಂದೆ ನಿಂತವನ ಹಾಗೆ. ನಕ್ಕು ನಕ್ಕು ಅವಳಿಗೆ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡಾಗ ಸಾಗರ್ ತನ್ನನ್ನೇ ನೋಡುತ್ತಿರುವುದು ಕಂಡಿತು.

“ಸ್ಕ್ರೀನ್ ಆ ಕಡೆ ಇದೆ ಮೇಷ್ಟ್ರೇ.”

“ನಾನು ರಿಸಲ್ಟ್ ನೋಡ್ತಿದೀನಿ.”

“ಏನಂತೆ ರಿಸಲ್ಟು?”

“ಎಡಗೆನ್ನೆ ಪಾಸು. ಬಲಗೆನ್ನೆ ಇನ್ನೂ ಯೋಚ್ನೆ ಮಾಡ್ತಿದೆ.”

ಅವಳು ಪೆನ್ನಿನಿಂದ ಅವನ ಕೈಗೆ ಮೆತ್ತಗೆ ಹೊಡೆದಳು. ಹೊಡೆದ ಜಾಗವನ್ನು ಅವನು ಬಹಳ ಹೊತ್ತು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡೇ ಇದ್ದ.

“ನಮ್ಮಪ್ಪನ ಪ್ರಕಾರ ಜಗತ್ತಲ್ಲಿ ಒಂದೇ ಒಂದು ಒಳ್ಳೇ ಕಾಮಿಡಿ ಸಿನಿಮಾ ಇರೋದು,” ಎಂದ ಒಮ್ಮೆ. “ಅದ್ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಅಪ್ಪನೂ ಅವ್ವನೂ ಹುಟ್ಟಿದಾಗಿಂದ ಕಿವಿ ಕೇಳದವರು. ಅದನ್ನ ನೋಡಿದಾಗ ಅಪ್ಪಂಗೆ ಓದೋಕೂ ಬರ್ತಿರ್ಲಿಲ್ಲ. ಸಿನಿಮಾ ಹೆಸರೇ ಗೊತ್ತಿಲ್ಲದೆ ನಲವತ್ತು ವರ್ಷದಿಂದ ಕತೆ ಹೇಳ್ತಾರೆ. ಕಟ್ಟಿ ಹೇಳ್ತಾರೆ ಅಂತ ನನ್ನ ಅನುಮಾನ.”

“ನಂಗೂ ಹೇಳ್ತಾರಾ?”

ಮುಂದಿನ ಭಾನುವಾರವೇ ಅವಳು ಗುಂಡ್ಲುಪೇಟೆಗೆ ಹೋದಳು. ಮನೆಯ ಹಿಂದೆ ಚೆಂಡುಹೂವಿನ ಹೊಲ ಕಣ್ಣು ಹೋದಷ್ಟು ದೂರ ಹಳದಿಯಾಗಿ ಉರಿಯುತ್ತಿತ್ತು. ಸಾಗರನ ತಂದೆ ದೊಡ್ಡಮಲ್ಲಪ್ಪ ಹಣೆತುಂಬ ವಿಭೂತಿ ಬಳಿದ ಎತ್ತರದ ಆಳು. ತಾಯಿ ಗಂಗಾಂಬಿಕೆ ಮಜ್ಜಿಗೆ ಕೊಟ್ಟು ರೂಪಶ್ರೀಯ ಪಕ್ಕದಲ್ಲೇ ಕೂತರು. ಮಗ ಸನ್ನೆಯಲ್ಲಿ ವಿಷಯ ತಿಳಿಸಿದ್ದೇ ತಡ, ದೊಡ್ಡಮಲ್ಲಪ್ಪ ಎದ್ದು ಜಗುಲಿಯ ನಡುವೆ ನಿಂತರು.

ಅವರು ಬಸ್ ಕಂಡಕ್ಟರ್ ಆದರು. ಹಲ್ಲುನೋವಿನ ಕಂಡಕ್ಟರ್. ಕೆನ್ನೆಗೆ ಬಟ್ಟೆ ಕಟ್ಟಿಕೊಂಡಿದ್ದಾನೆ, ಬಾಯಿ ತೆರೆಯುವ ಹಾಗಿಲ್ಲ. ಕಾಲರಿನ ಹಿಂದೆ ಕೊಡೆ ಸಿಕ್ಕಿಸಿಕೊಂಡಿದ್ದಾನೆ. ಬ್ರೇಕು ಹಾಕಿದಾಗ ತುಂಬಿದ ಬಸ್ಸಿನೊಳಗೇ ಕೊಡೆ ಬಿಚ್ಚಿಕೊಳ್ಳುತ್ತದೆ. ಒಬ್ಬನ ಪೇಟ, ಇನ್ನೊಬ್ಬಳ ಹೂವಿನ ಬುಟ್ಟಿ, ಮತ್ತೊಬ್ಬನ ಕೋಳಿ ಎಲ್ಲವೂ ಕೊಡೆಯ ಕಡ್ಡಿಗೆ ಸಿಕ್ಕಿ ತಿರುಗುತ್ತವೆ. ಕಂಡಕ್ಟರ್ ಮಾತ್ರ ಗಂಭೀರವಾಗಿ ಟಿಕೆಟ್ ಹರಿಯುತ್ತಲೇ ಇದ್ದಾನೆ. ಅರವತ್ತು ದಾಟಿದ ಒಬ್ಬರೇ ಮನುಷ್ಯ ನಲವತ್ತು ಜನರ ಬಸ್ಸಾಗಿದ್ದರು. ಕೋಳಿಯೂ ಅವರೇ. ಕೊನೆಗೆ ಕಡೆಯ ಸ್ಟಾಪಿನಲ್ಲಿ ಮಳೆ. ಒಬ್ಬ ಹುಡುಗಿ ಇಳಿದು ನಿಂತಿದ್ದಾಳೆ. ಕಂಡಕ್ಟರ್ ಅವಳ ತಲೆಯ ಮೇಲೆ ಕೊಡೆ ಹಿಡಿಯುತ್ತಾನೆ. ಇಬ್ಬರೂ ನಡೆದುಹೋಗುತ್ತಾರೆ.

ರೂಪಶ್ರೀಗೆ ಚಪ್ಪಾಳೆ ತಟ್ಟಲೂ ತೋಚಲಿಲ್ಲ. ನಗುತ್ತಲೇ ಕಣ್ಣಲ್ಲಿ ಬಂದ ನೀರು ಒರೆಸಿಕೊಂಡಳು.

ಗಂಗಾಂಬಿಕೆ ಅವಳ ತೊಡೆ ತಟ್ಟಿ ಏನೋ ಸನ್ನೆ ಮಾಡಿದರು. ಸಾಗರ್ ನಗುತ್ತ ಹೇಳಿದ: “ಇಲ್ಲಿನ ಹಳೇ ಟಾಕೀಸಲ್ಲಿ ನಾಲ್ಕೇ ದಿನ ಇತ್ತಂತೆ. ಹೀರೋ ಮಾತೇ ಆಡಲ್ಲ ಅಂತ ಜನ ಬೈದು ಎದ್ದೋಗ್ತಿದ್ರಂತೆ. ಮ್ಯಾಟಿನಿಯಲ್ಲಿ ನಗ್ತಾ ಇದ್ದೋರು ಇಬ್ಬರೇ. ಗಂಡಸರ ಕಡೆ ಅಪ್ಪ, ಹೆಂಗಸರ ಕಡೆ ಅವ್ವ. ಒಬ್ಬರ ಗುರುತು ಒಬ್ಬರಿಗಿರ್ಲಿಲ್ಲ. ನಗೋರು ಇನ್ಯಾರಾದ್ರೂ ಇದಾರಾ ಅಂತ ತಿರುಗಿ ನೋಡಿದಾಗ ಒಬ್ಬರಿಗೊಬ್ಬರು ಕಂಡ್ರಂತೆ.”

ಬಸ್ ಸ್ಟ್ಯಾಂಡಿಗೆ ಬಿಡಲು ಸಾಗರ್ ಬಂದ. ಬಸ್ಸು ಬಂದು ನಿಂತಾಗ ಹೇಳಿದ: “ರೂಪಾ, ಇಲ್ಲಿಗೆ ಸಾಕು ಮಾಡೋಣ್ವಾ?”

“ಏನನ್ನ?”

“ಇದನ್ನ. ಹೆಸರಿಟ್ಟಿಲ್ಲ, ಇಡೋದೂ ಬೇಡ. ನಂಗೆ ಎರಡು ಸಲ ನಿಶ್ಚಯ ಆಗಿ ಮುರಿದೋಯ್ತು. ಎರಡು ಕಡೆಯವರೂ ಕೇಳಿದ್ದು ಒಂದೇ. ನಾಳೆ ಹುಟ್ಟೋ ಮಕ್ಕಳೂ ಹಂಗೇ ಆದ್ರೆ? ಅಪ್ಪ ಅವ್ವನ ಎದುರಿಗೇ ಕೇಳಿದ್ರು, ಹೆಂಗೂ ಇವರಿಗೆ ಕೇಳಿಸಲ್ಲ ಅಂತ. ಅದನ್ನ ಅವ್ವಂಗೆ ಸನ್ನೆಯಲ್ಲಿ ಹೇಳಬೇಕಾದವನು ನಾನು. ಮೂರನೇ ಸಲ ನನ್ ಕೈಲಾಗಲ್ಲ.”

ಅಷ್ಟರಲ್ಲಿ ಕಂಡಕ್ಟರ್ ವಿಸಿಲ್ ಹಾಕಿದ; ಅವಳು ಬಸ್ಸು ಹತ್ತಲೇಬೇಕಾಯಿತು.

ಅನಂತರದ ಭಾನುವಾರಗಳಲ್ಲಿ ಮಕ್ಕಳನ್ನು ಬೇರೆ ಟೀಚರ್ ಕರೆತಂದರು. ರೂಪಶ್ರೀ ಎರಡು ದಿನ ಅತ್ತಳು, ಮೂರನೆಯ ದಿನ ಸಿಟ್ಟಾದಳು, ನಾಲ್ಕನೆಯ ದಿನ ಹುಡುಕಲು ಹೊರಟಳು. ಆ ಚಿತ್ರ ಎಲ್ಲೋ ಇದ್ದೇ ಇದೆ ಎಂದು ಅವಳಿಗನ್ನಿಸಿತ್ತು. ಹೆಸರಿಲ್ಲದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹುಡುಕುವುದು ಹೇಗೆ? ಗ್ರಂಥಾಲಯಕ್ಕೆ ಪೇಪರ್ ಓದಲು ಬರುವ ಮುದುಕರಿಗೆಲ್ಲ ಅವಳು ಕತೆ ಹೇಳಿದಳು. ಹೇಳಿದರೆ ಸಾಲದೆ ಕೆನ್ನೆ ಊದಿಸಿಕೊಂಡು ಟಿಕೆಟ್ ಹರಿದು ತೋರಿಸಿದಳು. ಒಂದು ಬೆಳಿಗ್ಗೆ ಹಾಗೆ ತೋರಿಸುತ್ತಿದ್ದಾಗ ವಾಚ್ ರಿಪೇರಿಯ ಅಬ್ದುಲ್ ಜಬ್ಬಾರ್ ಕನ್ನಡಕ ತೆಗೆದರು. ಒಂದು ಕಾಲಕ್ಕೆ ಅವರದು ವಿಡಿಯೋ ಕ್ಯಾಸೆಟ್ ಅಂಗಡಿ.

“ಅಯ್ಯೋ, ಇದು ‘ಮೈಲಿಗಲ್ಲು ಮರಿಸ್ವಾಮಿ’ ಕಣಮ್ಮ!”

ರೂಪಶ್ರೀ ಕುರ್ಚಿ ಎಳೆದು ಅವರ ಎದುರೇ ಕೂತಳು. “ಇದೆಯಾ ಸಾಬ್ರೇ?”

“ಅಂಗ್ಡಿ ಮುಚ್ದಾಗ ಎಲ್ಲಾ ಕ್ಯಾಸೆಟ್ಟೂ ಮಾರ್ಬುಟ್ಟೆ. ಇದನ್ನ ಯಾರೂ ತಗೊಳ್ನಿಲ್ಲ. ಬಿಸಾಕಕ್ಕೆ ಮನ್ಸು ಬರ್ನಿಲ್ಲ. ನಮ್ ಮನೇವ್ಳು ಹಮೀದಾ ಬೈತಾನೇ ಇರ್ತಾಳೆ, ಅಟ್ಟದ ಮೇಲೆ ಕುಂತದೆ.”

ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಜಬ್ಬಾರ್ ಒಂದು ವಾರ ಕೂತು, ವಾಚು ಬಿಚ್ಚುವ ಸಲಕರಣೆಯಲ್ಲೇ ಅದನ್ನು ಬಿಚ್ಚಿ ಒರೆಸಿ, ಹಳೆಯ ಮೆಷಿನ್ನಿನಿಂದ ಕಂಪ್ಯೂಟರಿಗೆ ಇಳಿಸಿಕೊಟ್ಟರು. ರೂಪಶ್ರೀ ಅದನ್ನು ಮೊದಲೇ ನೋಡಲಿಲ್ಲ. ನೋಡಬೇಕಾದವರು ಮೊದಲು ನೋಡಲಿ ಎಂದು ಸಾಗರನಿಗೆ ಒಂದೇ ಸಾಲು ಕಳಿಸಿದಳು: ‘ಭಾನುವಾರ ಅಪ್ಪ ಅವ್ವನ್ನ ಕರ್ಕೊಂಡು ಬನ್ನಿ. ಕಂಡಕ್ಟರ್ ಸಿಕ್ಕಿದಾನೆ.’

ಬಂದರು. ದೊಡ್ಡಮಲ್ಲಪ್ಪ ಬಿಳಿ ಪಂಚೆ, ಗಂಗಾಂಬಿಕೆ ರೇಷ್ಮೆ ಸೀರೆ, ಮದುವೆ ಮನೆಗೆ ಬಂದ ಹಾಗೆ. ಸಾಗರ್ ಅವಳ ಕಣ್ಣು ತಪ್ಪಿಸಿ ಗೋಡೆಗೆ ಒರಗಿ ನಿಂತ.

ದೀಪ ಆರಿತು. ಗೆರೆಗೆರೆಯಾದ ಪರದೆಯಲ್ಲಿ ಒಂದು ಬಸ್ಸು ಮೂಡಿತು. ಕೆನ್ನೆಗೆ ಬಟ್ಟೆ ಕಟ್ಟಿದ ಕಂಡಕ್ಟರ್ ಮೆಟ್ಟಿಲ ಮೇಲೆ ಕಾಣಿಸಿದಾಗ ದೊಡ್ಡಮಲ್ಲಪ್ಪ ಕೂತಲ್ಲಿಂದ ಅರ್ಧ ಎದ್ದರು. ಎರಡೂ ಕೈ ಜೋಡಿಸಿ ಎದೆಗೊತ್ತಿಕೊಂಡರು. ಪೇಟ, ಹೂವಿನ ಬುಟ್ಟಿ, ಕೋಳಿ ಒಂದಾದ ಮೇಲೊಂದು ಬಂದವು. ನಲವತ್ತು ವರ್ಷದ ಹಿಂದೆ ನೋಡಿದ್ದನ್ನು ಆ ಮನುಷ್ಯ ಒಂದು ಹುಬ್ಬೂ ತಪ್ಪದ ಹಾಗೆ ಕಾಪಾಡಿಕೊಂಡಿದ್ದರು. ರೂಪಶ್ರೀ ಒಮ್ಮೆ ಪರದೆಯನ್ನು, ಒಮ್ಮೆ ಅವರನ್ನು ನೋಡಿದಳು. ಊರು ಬೈದು ಬಿಟ್ಟಿದ್ದ ಚಿತ್ರಕ್ಕೆ ಅವತ್ತು ಹಾಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಸಾಗರ್ ಮಾತ್ರ ನಗದೆ, ತಂದೆಯನ್ನೇ ಜೀವನದಲ್ಲಿ ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ.

ಕೊನೆಯ ಸ್ಟಾಪು ಬಂತು. ಮಳೆಯಿಲ್ಲ. ಹುಡುಗಿಯೂ ಇಲ್ಲ. ಕಂಡಕ್ಟರ್ ಮುರಿದ ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟು, ಸುಡುಬಿಸಿಲಲ್ಲಿ ಒಬ್ಬನೇ ನಡೆದುಹೋದ. ‘ಶುಭಂ’ ಎಂದು ಬಂತು.

ರೂಪಶ್ರೀ ಗಾಬರಿಯಿಂದ ಪ್ರೊಜೆಕ್ಟರ್ ಬಳಿ ಕೂತಿದ್ದ ಜಬ್ಬಾರ್ ಹತ್ತಿರ ಓಡಿದಳು. “ಕೊನೇದು ಕಟ್ ಆಗಿದೆಯಾ ಸಾಬ್ರೇ?”

“ಇಲ್ಲಮ್ಮ, ಪಿಚ್ಚರ್ ಇರೋದೇ ಅಂಗೆ. ಲಗ್ನ ಇಲ್ಲ ಅಂತ್ಲೂ ಜನ ಬೈದ್ರು.”

ಅವಳ ಮುಖ ನೋಡಿ ಗಂಗಾಂಬಿಕೆಗೆ ಅರ್ಥವಾಯಿತು. ಅವರು ಮಗನನ್ನು ಕರೆದು ಕೈಯಾಡಿಸತೊಡಗಿದರು. ಸಾಗರ್ ತಾಯಿಯ ಮಾತನ್ನು ತಾಯಿಯಾಗಿಯೇ ಹೇಳಿದ.

“ಸಿನಿಮಾದಲ್ಲಿ ಕೊಡೆ ಹಿಡಿಯೋದು ಇಲ್ಲ. ಅದು ನಮ್ಮದು. ಅವತ್ತು ಟಾಕೀಸು ಬಿಟ್ಟಾಗ ಮಳೆ ಹುಯ್ತಿತ್ತು. ಇವರು ಬಂದು ಕೊಡೆ ಹಿಡಿದ್ರು. ನಮ್ಮ ಬೀದಿವರೆಗೂ ಬಂದ್ರು. ನಮ್ಮಿಬ್ಬರದೂ ಒಂದೇ ತರ ಅಂತ ಗೊತ್ತಾಗಿದ್ದು ಆ ದಾರೀಲೇ. ಎಲ್ರೂ ಹೆದರಿಸಿದ್ರು, ಹುಟ್ಟೋ ಮಗು ಹೆಂಗಾಗುತ್ತೋ ಅಂತ. ನಾವು...”

ಸಾಗರ್ ಮುಖ ಆಚೆ ತಿರುಗಿಸಿದ. ಗಂಗಾಂಬಿಕೆ ನಿಲ್ಲಿಸಲಿಲ್ಲ, ಮುಂದುವರಿಸು ಎಂದು ಮಗನ ತೋಳು ತಟ್ಟಿದರು.

“ನಾವು ಹೆದರಲಿಲ್ಲ. ಮಗು ಹೆಂಗಿದ್ರೂ ಅದನ್ನ ನಗ್ಸೋದು ನಮಗೆ ಗೊತ್ತಲ್ಲ ಅಂದ್ಕೊಂಡ್ವಿ.”

ಅಷ್ಟು ಹೇಳಿ ಅವನು ಸರಸರನೆ ಮೆಟ್ಟಿಲಿಳಿದು ಹೊರಟ. ಅರ್ಧ ಮೆಟ್ಟಿಲಲ್ಲಿ ರೂಪಶ್ರೀ ಅವನನ್ನು ಹಿಡಿದಳು.

“ನಿಮ್ಮದಾಯ್ತಲ್ಲ, ಈಗ ನನ್ನದು ಕೇಳಿ. ನಂಗೆ ನೀವು ಬೇಕು. ಮಕ್ಕಳು ಹುಟ್ಟಿದ್ರೆ ಹುಟ್ಲಿ, ಕೇಳಿಸಿದ್ರೆ ಕೇಳಿಸ್ಲಿ, ಇಲ್ದಿದ್ರೆ ಇಲ್ಲ. ನಂಗೂ ಭಯ ಆಗುತ್ತೆ ಸಾಗರ್. ಆದ್ರೆ ನೀವಿಲ್ಲದ ಭಾನುವಾರ ಅದಕ್ಕಿಂತ ಜಾಸ್ತಿ ಭಯ ಆಯ್ತು.”

“ನಿಮ್ಮ ಮನೇಲಿ...”

“ನಮ್ಮೂರು ಹರವೆಗೆ ಹೋಗಿ ಎಲ್ಲಾ ಹೇಳಿದೀನಿ. ಅಪ್ಪ ಅರ್ಧ ದಿನ ಯೋಚ್ನೆ ಮಾಡಿದ್ರು. ಆಮೇಲೆ, ‘ಮೊದ್ಲು ಅವರಪ್ಪ ಅವ್ವನ್ನ ನೋಡನ ಕಣಮ್ಮಿ’ ಅಂದ್ರು. ಇವತ್ತು ಕೊನೇ ಸಾಲಲ್ಲಿ ಕೂತು ನೋಡಿದಾರೆ.”

“ಅಯ್ಯಯ್ಯೋ! ಇಲ್ಲಿದಾರಾ?” ಸಾಗರ್ ಗಡಬಡಿಸಿ ಶರ್ಟು ಸರಿಮಾಡಿಕೊಂಡ. ಕಣ್ಣಲ್ಲಿ ಇನ್ನೂ ನೀರಿತ್ತು, ಬಾಯಲ್ಲಿ ಆಗಲೇ ನಗು. “ಮೊದ್ಲೇ ಹೇಳೋದಲ್ವಾ? ಗೋಡೆಗೆ ಒರಗಿ ನಿಂತಿದ್ದೆ ಕಣ್ರೀ!” ಎಂದವನು, ತಡೆದು, ಮೆಲ್ಲಗೆ ಅವಳ ಬೆರಳು ಹಿಡಿದುಕೊಂಡ. “ನಂಗೂ ನೀವೇ ಬೇಕು ರೂಪಾ. ಬೇಡ ಅಂದ ದಿನವೂ ಬೇಕಿತ್ತು.”

ಮೇಲಿನಿಂದ ಗಂಗಾಂಬಿಕೆ ಇಳಿದುಬಂದರು. ಹಿಡಿದ ಕೈಗಳನ್ನು ಕಂಡರೂ ಕಾಣದವರಂತೆ ರೂಪಶ್ರೀಯ ಎದುರು ನಿಂತು, ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಎರಡು ಬೆರಳನ್ನು ಕಣ್ಣಂಚಿಗೆ ಒತ್ತಿ, ಹೂವು ಬಿರಿದ ಹಾಗೆ ಬಿಡಿಸಿದರು. ಇನ್ನೊಮ್ಮೆ ಹಾಗೆಯೇ ಮಾಡಿ ಅವಳ ಎದೆಯತ್ತ ಬೆರಳು ತೋರಿಸಿದರು.

“ಏನು ಹೇಳ್ತಿದಾರೆ?” ರೂಪಶ್ರೀ ಪಿಸುಗುಟ್ಟಿದಳು.

“ನಿಮಗೆ ಹೆಸರಿಟ್ರು,” ಎಂದ ಸಾಗರ್. “ನಮ್ಮ ಮನೇಲಿ ಪ್ರತಿಯೊಬ್ಬರಿಗೂ ಒಂದು ಸನ್ನೆ ಇರುತ್ತೆ. ಮನೆಯವರಿಗೆ ಮಾತ್ರ ಇಡ್ತಾರೆ. ನಕ್ಕಾಗ ಕಣ್ಣಲ್ಲಿ ನೀರು ಬರೋಳು ಅಂತ.”

ರೂಪಶ್ರೀ ಎರಡು ಬೆರಳನ್ನು ಕಣ್ಣಂಚಿಗೆ ತಂದಳು. ಸರಿಯಾಗಿ ಬರಲಿಲ್ಲ. ಗಂಗಾಂಬಿಕೆ ತಲೆಯಾಡಿಸಿ, ಅವಳ ಬೆರಳನ್ನು ಹಿಡಿದು ತಿದ್ದಿ, ಇನ್ನೊಂದು ಸಲ ಹೇಳಿಸಿದರು.