ಮಾತು ನಿಂತಾಗ ಕಡಿದ ಕನೆಕ್ಷನ್

"ಎಲ್ಲಾ ಹಸಿರಾಗೇ ಇದೆಯಲ್ಲ, ಮತ್ತೆ ಹೋಗಿದ್ದೆಲ್ಲಿಗೆ?"

ಆಸ್ಪತ್ರೆಯ ಕಂಪ್ಯೂಟರ್ ಆಫೀಸಿನಲ್ಲಿ ಎಲ್ಲರೂ 'ಅತ್ತಿಗೆ' ಎನ್ನುವ ಹೆಂಗಸು ಕೇಳಿದ್ದು ಯಾರನ್ನೂ ಅಲ್ಲ. ಕಣ್ಣು ಪರದೆಯ ಮೇಲಿತ್ತು. ರಕ್ತನಿಧಿಯ ಕನೆಕ್ಷನ್ ಎದುರಿನ ದೀಪ ಹಸಿರು. ಅದರ ಕೆಳಗೆ, ವಾರ್ಡುಗಳ ಕೋರಿಕೆಗಳು ಸಾಲಾಗಿ ಬಂದು ಮುಂದೆ ಹೋಗುವ ಕ್ಯೂನಲ್ಲಿ, ಒಂದೇ ಒಂದು ಕೋರಿಕೆ ನಿಂತಿತ್ತು — ಹೆರಿಗೆ ವಾರ್ಡಿನಿಂದ ಬಂದದ್ದು. ತುರ್ತಾಗಿ ರಕ್ತ ಬೇಕು.

ವಾರ್ಡಿನವರು ತಮ್ಮ ಪರದೆಯಲ್ಲಿ 'ಕಳಿಸಲಾಗಿದೆ' ಎಂದು ಓದಿ ಕಾದರು. ಕಾದು ಸಾಕಾಗಿ ಫೋನ್ ಮಾಡಿದಾಗ ರಕ್ತನಿಧಿಯವರು, "ಯಾವ ಕೋರಿಕೆ?" ಎಂದರು. ಬೇಕಾದ ರಕ್ತ ಅವರ ಫ್ರಿಜ್ಜಿನಲ್ಲೇ ಇತ್ತು. ಅದು ಹೊರಡುವಷ್ಟರಲ್ಲಿ ಬಾಣಂತಿ ಹೊರಟುಹೋಗಿದ್ದಳು.

ಇದು ಭಾನುವಾರ ಮಧ್ಯಾಹ್ನದ ಮಾತು. ಮರುದಿನ ಬೆಳಿಗ್ಗೆ, ಆ ಕ್ಯೂ ತಂತ್ರಾಂಶ ತಯಾರಿಸಿದ ಕಂಪನಿ ನನ್ನ ಸೋದರಮಾವನನ್ನು ತನಿಖೆಗೆ ಕಳಿಸಿತು. ಜೊತೆಗೆ ನಾನೂ ಹೋದೆ. ಮಾವ ಚಿಕ್ಕಂದಿನಿಂದ ಕಾವ್ಯ ಓದುವುದನ್ನು ಕೇಳಿ ಬೆಳೆದವರು. ಯಾರಾದರೂ ಮಾತಾಡುತ್ತಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಿದ್ದೆ ಹೋದರೆಂದು ಜನ ತಿಳಿಯುತ್ತಾರೆ. ಪದಗಳು ಎಲ್ಲಿ ಜೋರಾದವು, ಎಲ್ಲಿ ಉಸಿರು ನಿಂತಿತು ಎಂಬುದನ್ನು ಮಾವ ಒಳಗೇ ಎಣಿಸುತ್ತಿರುತ್ತಾರೆ.

ಆಫೀಸಿನ ಹೊರಕೋಣೆಯಲ್ಲಿ ಸತ್ತವಳ ಗಂಡ ಕೂತಿದ್ದ. ತೊಡೆಯ ಮೇಲೆ ಒಂದು ಚೀಲ. ಬಾಣಂತಿಗೂ ಮಗುವಿಗೂ ಎಂದು ತುಂಬಿಸಿ ತಂದದ್ದು. ಇನ್ನೂ ಬಿಚ್ಚಿರಲಿಲ್ಲ.

ಮ್ಯಾನೇಜರು ಅವನ ಪಕ್ಕದಿಂದ ಸುತ್ತಿ ನಮ್ಮನ್ನು ಒಳಗೆ ಕರೆದೊಯ್ದರು.

"ಸಂಜೆ ಪೊಲೀಸರು ಬರ್ತಾರೆ ಸಾರ್. ಅವರಿಗೊಂದು ಹೆಸರು ಕೊಡ್ಬೇಕು. ಹೆಸರು ರೆಡಿ ಇದೆ. ನಿಮ್ಮದೊಂದು ಸಹಿ ಬಿದ್ರೆ ಆಯ್ತು."

ಗಾಜಿನ ಕೋಣೆಯತ್ತ ಬೆರಳು ತೋರಿಸಿದರು. ಒಳಗೆ ಬಿಳಿಚಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಬೆಳಿಗ್ಗೆಯಿಂದ ಅವಳನ್ನು ಅಲ್ಲೇ, ಹೋಗಿಬರುವವರೆಲ್ಲ ನೋಡುವ ಹಾಗೆ, ಕೂರಿಸಿದ್ದರು. ಯಾರೋ ಗಾಜಿನ ಮೇಲೆ ಪೆನ್ನಿನಲ್ಲಿ 'ರಕ್ತ ಕುಡಿದವಳು' ಎಂದು ಗೀಚಿದ್ದರು. ಒಳಗಿನಿಂದ ಅವಳಿಗೆ ಆ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತಿದ್ದಿರಬೇಕು.

"ಇವರನ್ನ ಅತ್ತಿಗೆ ಅಂತ ಯಾಕೆ ಕರೀತೀರಿ?" ಮಾವ ಕೇಳಿದರು.

"ನಮ್ಮ ಗೋಡೆ ಇದಾನಲ್ಲ, ಅವನಿಗೆ ಅತ್ತಿಗೆ. ಅವನು ಕರೀತಾನೆ, ಎಲ್ರೂ ಹಾಗೇ ಕರೀತಾರೆ. ಗಂಡ ಇಲ್ಲೇ ಇದ್ದವನು. ಸತ್ತ. ಅನುಕಂಪ ಅಂತ ಅವನ ಕುರ್ಚಿ ಇವಳಿಗೆ ಕೊಟ್ವಿ. ಅನುಕಂಪ ತೋರಿಸಿದ್ದಕ್ಕೆ ಸರಿಯಾಗೇ ಬುದ್ಧಿ ಬಂತು."

"ಗೋಡೆ ಅಂದ್ರೆ?"

"ಫೈರ್‌ವಾಲ್ ನೋಡ್ಕೊಳ್ಳೋನು ಸಾರ್. ಒಳಗೆ ಯಾವುದು ಬರ್ಬೇಕು, ಹೊರಗೆ ಯಾವುದು ಹೋಗ್ಬೇಕು, ಎಲ್ಲಾ ಅವನ ಕೈಲಿ."

"ಕನೆಕ್ಷನ್ ಮೊದಲೂ ಬೀಳ್ತಿತ್ತಾ?"

"ಹೋದ ತಿಂಗಳಿಂದ ಆಗಾಗ. ಬಿದ್ದಾಗೆಲ್ಲ ಇವಳಿಗೆ ಬೈದಿದೀನಿ. ಹೊರೆ ಜಾಸ್ತಿ ಆಗಿರ್ಬೇಕು, ನೋಡ್ಕೋಬಾರ್ದಾ?"

ಗಾಜಿನ ಕೋಣೆಯಲ್ಲಿ ಅತ್ತಿಗೆ ನಮ್ಮನ್ನು ಕಂಡು ಎದ್ದು ನಿಂತಳು.

"ಕೂತ್ಕೋ ತಾಯಿ. ಕೆಲಸ ಗಂಡ ಕಲಿಸಿದ್ದಾ?"

"ಹೂಂ ಸಾರ್. ಸಾಯೋಕೆ ಮುಂಚೆ. ಹಾಸಿಗೇಲಿ ಮಲಗ್ಕೊಂಡೇ ಹೇಳ್ಕೊಡ್ತಿದ್ರು."

"ಮನೇಲಿ ಯಾರಿದಾರೆ?"

"ಅತ್ತೆ. ಮೈದುನ." ಸ್ವಲ್ಪ ತಡೆದಳು. "ಮಗನನ್ನ ತಿಂದ್ಕೊಂಡೋಳು ಅಂತ ಅತ್ತೆ ದಿನಾ ಅಂತಿದ್ರು. ಇವತ್ತು ಬೆಳಿಗ್ಗೆ, ಈಗ ಇನ್ನೊಬ್ಬಳನ್ನೂ ತಿಂದ್ಯಾ ಅಂದ್ರು."

"ಕನೆಕ್ಷನ್ ಬೀಳದೆ ಇದ್ದಿದ್ದು ಯಾವಾಗ?"

ಅವಳು ತಲೆಯೆತ್ತಿದಳು. ಯಾವಾಗ ಬಿತ್ತು ಎಂದು ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಗದ್ದಲ ಇದ್ದಾಗ ಯಾವತ್ತೂ ಬಿದ್ದಿಲ್ಲ ಸಾರ್. ಆಪರೇಷನ್ ದಿನಗಳಲ್ಲಿ ಕೋರಿಕೆ ಮೇಲೆ ಕೋರಿಕೆ, ಆಗ ಏನೂ ಆಗಲ್ಲ. ಮೊದಲಂತೂ ಬೀಳ್ತಾನೇ ಇರ್ಲಿಲ್ಲ. ಆಗ ನಾನೂ ರಕ್ತನಿಧೀಲಿ ಕೂರೋ ಅಕ್ಕನೂ…" ಮಾತು ನುಂಗಿದಳು.

"ಹೇಳು."

"ಕೆಲಸ ಇಲ್ಲದಾಗ ಅದೇ ದಾರೀಲಿ ಒಂದೊಂದು ಟೆಸ್ಟ್ ಮೆಸೇಜ್ ಹಾಕ್ತಿದ್ವಿ. ಊಟ ಆಯ್ತಾ, ಕಾಲು ನೋವು ಹೇಗಿದೆ, ಹೀಗೇ ಏನೋ ಒಂದು. ಹರಟೆ ಅಂತ ಮ್ಯಾನೇಜರ್ ನಿಲ್ಲಿಸಿದ್ರು. ಮತ್ತೆ ಹಾಕಿದ್ರೆ ಮನೆಗೆ ಹೋಗು ಅಂದ್ರು."

ಮಾವ ಕಣ್ಣು ಮುಚ್ಚಿಕೊಂಡರು.

ಗೋಡೆಯನ್ನು ಅವನ ಜಾಗದಲ್ಲೇ ಕಂಡೆವು. ತಣ್ಣನೆಯ ಕೋಣೆ, ಯಂತ್ರಗಳ ಗುಯ್ಗುಟ್ಟುವಿಕೆ. ಒಳ್ಳೆಯ ಮೈಕಟ್ಟು, ನಗುಮುಖ. ನಮಗೆ ಕುರ್ಚಿ ಎಳೆದು ಹಾಕಿದ.

"ಅತ್ತಿಗೆ ಪಾಪ ಸಾರ್. ಒಳ್ಳೇವ್ರೇ. ಆದ್ರೆ ಅಡುಗೆಮನೇಲಿ ಇರಬೇಕಾದವರನ್ನ ತಂದು ಕ್ಯೂ ಮುಂದೆ ಕೂರಿಸಿದ್ರೆ ಏನಾಗತ್ತೆ ಹೇಳಿ?"

"ನಿನಗೇನು ಅನ್ಸತ್ತೆ? ಯಾಕೆ ಬಿತ್ತು?"

"ನನಗೇನು ಗೊತ್ತು? ಗೋಡೆ ಕಾಯೋನು ನಾನು. ಭಾನುವಾರ ಮಧ್ಯಾಹ್ನ ಅಲ್ವಾ, ಲೈನನ್ನ ಮಲಗೋಕೆ ಬಿಟ್ಟಿದಾರೆ. ಮಲಗಿದ್ದು ಏಳ್ಲಿಲ್ಲ."

"ನಿನ್ನ ಗೋಡೇಲಿ ಏನಾದ್ರೂ ಬದಲಾಯಿಸಿದೀಯಾ?"

"ಇಲ್ಲ ಸಾರ್." ಉತ್ತರ ಪ್ರಶ್ನೆ ಮುಗಿಯುವ ಮುಂಚೆಯೇ ಬಂತು.

ಹೊರಗೆ ಬಂದಾಗ ಮಾವ ಮ್ಯಾನೇಜರನ್ನು ಕೇಳಿದರು: "ಆ ಹೆಂಗಸರ ಹರಟೆ ನಿಮಗೆ ಹೇಗೆ ಗೊತ್ತಾಯ್ತು?"

"ಯಾರೋ ಕಿವಿಗೆ ಹಾಕಿದ್ರು."

"ಯಾರು?"

"ಅದು ಯಾಕೆ ಸಾರ್ ಈಗ…"

"ಸಹಿ ಬೇಕಲ್ಲ ನಿಮಗೆ?"

ಮ್ಯಾನೇಜರು ದನಿ ತಗ್ಗಿಸಿದರು. "ಗೋಡೆನೇ. ಮನೆಯವರು ಅಂತ ಮುಚ್ಚಿಡದೆ ಹೇಳಿದ. ನಿಯತ್ತಿನ ಹುಡುಗ."

ಮಧ್ಯಾಹ್ನ ಮಾವ ಅತ್ತಿಗೆಯ ಪರದೆಯ ಮುಂದೆ ಕೂತು ರಕ್ತನಿಧಿಯ ಅಕ್ಕನಿಗೆ ಫೋನ್ ಮಾಡಿದರು. "ಅಮ್ಮಾ, ಈಗ ಇಬ್ಬರೂ ಸುಮ್ಮನಿರೋಣ. ಏನೂ ಕಳಿಸ್ಬೇಡಿ."

ತುಂಬಾ ಹೊತ್ತು ಕಾದೆವು. ಮ್ಯಾನೇಜರು ಆಕಳಿಸಿದರು. ದೀಪ ಹಸಿರಾಗೇ ಇತ್ತು. ಕೊನೆಗೆ ಮಾವ ಒಂದು ಸಾಲು ಟೈಪು ಮಾಡಿ ಕಳಿಸಿದರು.

"ಬಂತಾ ಅಮ್ಮಾ?"

"ಇಲ್ಲ ಸಾರ್. ಏನೂ ಬಂದಿಲ್ಲ."

ದೀಪ ಆಗಲೂ ಹಸಿರು.

ಕನೆಕ್ಷನ್ ಮತ್ತೆ ಎಬ್ಬಿಸಿ, ಈ ಸಲ ನಡುನಡುವೆ ಒಂದೊಂದು ಪದ ಕಳಿಸುತ್ತ ಅಷ್ಟೇ ಹೊತ್ತು ಕೂತರು. ಆಮೇಲೆ ಅದೇ ಸಾಲು ಕಳಿಸಿದರು. ಫೋನಿನಲ್ಲಿ ಅಕ್ಕ ಅಳುತ್ತಿದ್ದಳು. "ಬಂತು ಸಾರ್. ತಕ್ಷಣ ಬಂತು."

"ಗೋಡೆಯನ್ನ ಕರೀರಿ," ಎಂದರು ಮಾವ.

ಅವನು ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿ ನಿಂತ. ಅತ್ತಿಗೆ ಮೂಲೆಗೆ ಸರಿದಳು.

"ಎಲ್ಲರೂ ಹೊರೆ ಹುಡುಕಿದ್ರು," ಮಾವ ಶುರುಮಾಡಿದರು, ದನಿ ಏರಿಸದೆ. "ಈ ಕನೆಕ್ಷನ್ ಸತ್ತದ್ದು ಹೊರೆಯಿಂದಲ್ಲ. ಬರೀ ಮೌನದಿಂದ. ಮಾತಿಲ್ಲದ ಕನೆಕ್ಷನ್ನನ್ನ ಫೈರ್‌ವಾಲ್ ಒಂದಿಷ್ಟು ಹೊತ್ತು ಕಾದು ಮರೆತುಬಿಡುತ್ತೆ. ಎರಡು ತುದಿಗೂ ಹೇಳೋದಿಲ್ಲ. ಎರಡೂ ಕಡೆ ಹಸಿರು ದೀಪ, ನಡುವೆ ದಾರೀನೇ ಇಲ್ಲ. ಹಾಗಾಗಬಾರದು ಅಂತ ನಮ್ಮ ತಂತ್ರಾಂಶ ಆಗಾಗ ಒಂದು ಹಾರ್ಟ್‌ಬೀಟ್ ಕಳಿಸುತ್ತೆ. 'ಇನ್ನೂ ಇದ್ದೀನಿ' ಅಂತ. ಇವಳ ಗಂಡ ಫೈರ್‌ವಾಲಿನ ತಾಳ್ಮೆ ಎಷ್ಟು ಅಂತ ನೋಡಿ, ಅದು ಮುಗಿಯೋಕೆ ಮುಂಚೆ ಬಡಿಯೋ ಹಾಗೆ ಇಟ್ಟಿದ್ದ. ಈಗ ಮಿಡಿತ ಅದೇ ಇದೆ. ಫೈರ್‌ವಾಲಿನ ತಾಳ್ಮೆ ಕಮ್ಮಿಯಾಗಿದೆ. ಆ ಕೀಲಿ ಇರೋದು ಒಬ್ಬನ ಹತ್ತಿರ."

"ಭದ್ರತೆಗೆ ಅಂತ ಮಾಡಿರ್ತೀನಿ ಸಾರ್. ಮರೆತಿರಬಹುದು."

"ಇಲ್ಲ ಅಂದಿದ್ದೆ ಆಗ. ಇರ್ಲಿ, ಮರೆತೆ ಅಂತ್ಲೇ ಇಟ್ಕೋ. ಕಮ್ಮಿ ಮಾಡಿದ ಮೇಲೂ ಕನೆಕ್ಷನ್ ಬೀಳ್ಲಿಲ್ಲ, ಅಲ್ವಾ? ನಿನಗೆ ಆಶ್ಚರ್ಯ ಆಗಿರ್ಬೇಕು. ಹುಡುಕಿದೆ. ಇಬ್ಬರು ಹೆಂಗಸರು ಊಟ ಆಯ್ತಾ, ಕಾಲು ನೋವಾ ಅಂತ ಕೇಳ್ಕೋತಾ ಆ ದಾರಿಯ ಜೀವ ಹಿಡಿದಿದ್ರು. ಅವರಿಗೇ ಗೊತ್ತಿಲ್ದೆ. ಹೋಗಿ ಮ್ಯಾನೇಜರ ಕಿವಿಗೆ ಹಾಕಿದೆ. ಅವರು ಬಾಯಿ ಮುಚ್ಚಿಸಿದ್ರು. ಆವತ್ತಿಂದ ಬೀಳೋಕೆ ಶುರುವಾಯ್ತು. ಯಾರೂ ಗಮನಿಸದೆ ಹೋಗಿದ್ದು ಈ ಚಾಡಿ. ಅದೂ ಅಲ್ಲದೆ, ಇಡೀ ಆಫೀಸು ಹೊರೆ ಅಂತಿರುವಾಗ ನೀನೊಬ್ಬ 'ಮಲಗಿದ್ದು ಏಳಲಿಲ್ಲ' ಅಂದೆ. ಮಲಗಿದ್ರೆ ಅದು ಸಾಯತ್ತೆ ಅಂತ ನಿನಗೆ ಯಾರು ಹೇಳಿದ್ರು?"

ಗೋಡೆಯ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯಲು ಮರೆತವನ ಹಾಗೆ.

"ಅದು ಅಣ್ಣನ ಕುರ್ಚಿ," ಎಂದ. "ನನಗೆ ಬರ್ಬೇಕಿತ್ತು. ನಾಲ್ಕು ಸಲ ಬೈಸ್ಕೊಂಡು ತಾನಾಗೇ ಬಿಟ್ಟುಹೋಗ್ಲಿ ಅಂತ, ಅಷ್ಟೇ."

"ಅಷ್ಟೇನಾ? ಹೊರಗೆ ಒಬ್ಬ ಚೀಲ ಇಟ್ಕೊಂಡು ಕೂತಿದಾನೆ. ಹೋಗಿ ಅವನಿಗೆ ಹೇಳು, ಅಷ್ಟೇ ಅಂತ."

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ನನಗೆ ಮೊದಲಿಂದ್ಲೂ ಇವನ ಮೇಲೆ ಅನುಮಾನ ಇತ್ತು ಸಾರ್." ಕರವಸ್ತ್ರ ತೆಗೆದು, ಯಾರೂ ಹೇಳದೆಯೇ, ಪಕ್ಕದ ಗಾಜಿನ ಕೋಣೆಯ ಮೇಲಿನ ಬರಹ ಒರೆಸತೊಡಗಿದರು. ಅದು ಅಳಿಸಲಿಲ್ಲ, ನೀಲಿಯಾಗಿ ಹರಡಿತು.

"ಬರಹ ಯಾರದು ಅಂತ ನಾನು ಕೇಳಿಲ್ಲ," ಎಂದರು ಮಾವ. "ನಿಮ್ಮ ಜೇಬಿನಲ್ಲಿರೋ ಪೆನ್ನೂ ನೀಲಿ ಅನ್ನೋದನ್ನ ನೋಡಿದೀನಿ. ಬಾಯಿ ಮುಚ್ಚಿಸಿದ್ದು ನೀವು ಅನ್ನೋದೂ ನನ್ನ ವರದಿಯಲ್ಲಿ ಇರುತ್ತೆ."

ಕೆಳಗೆ ಪೊಲೀಸ್ ಜೀಪು ನಿಂತ ಸದ್ದಾಯಿತು. ಗೋಡೆ ಅತ್ತಿಗೆಯ ಮುಂದೆ ಬಂದು ಕುಸಿದ. ಇಷ್ಟು ಹೊತ್ತೂ ಅವನು ಅವಳ ಮುಖ ನೋಡಿರಲಿಲ್ಲ.

"ಅತ್ತಿಗೆ, ನನಗೇನಾದ್ರೂ ಆಗ್ಲಿ. ಅಮ್ಮನಿಗೆ ಮಾತ್ರ ಹೇಳ್ಬೇಡಿ. ಆಕೆಗೆ ನಾನಂದ್ರೆ ಪ್ರಾಣ. ಕೆಲಸದ ಮೇಲೆ ದೂರ ಹೋಗಿದಾನೆ ಅಂತ ಹೇಳಿ ಸಾಕು. ಗೊತ್ತಾದ್ರೆ ಎದೆಯೊಡೆದು ಸಾಯ್ತಾಳೆ. ನಿಮ್ಮ ಕಾಲಿಗೆ ಬೀಳ್ತೀನಿ."

ಅತ್ತಿಗೆ ಕಾಲು ಹಿಂದೆಳೆದುಕೊಂಡಳು. ಮೇಜಿನ ಮೇಲಿದ್ದ ತನ್ನ ಕೈಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು.

"ಆಗಲ್ಲ," ಎಂದಳು. "ಇಲ್ಲಿಂದ ಸೀದಾ ಮನೆಗೆ ಹೋಗಿ, ಅವರನ್ನ ಎದುರಿಗೆ ಕೂರಿಸ್ಕೊಂಡು, ಒಂದಕ್ಷರ ಬಿಡದೆ ಹೇಳ್ತೀನಿ."